ಒಂದೇ ಕಣ್ಣಿಗೆ ಕಂಡ ಮೆಟ್ಟಿಲು

ಕೊರೋನಾದ ಗಲಾಟೆಯೆಲ್ಲ ಅಡಗಿ ಎರಡು ವರ್ಷವಾಗಿತ್ತು. ಆಗ ನಾನು ಬಾಗಲಕೋಟೆಯ ನವನಗರದಲ್ಲಿ ಮನೆಗಳ ತ್ರೀಡಿ ಎಲಿವೇಶನ್ ಮಾಡಿಕೊಡುವ ಸ್ವಂತ ಆಫೀಸು ನಡೆಸುತ್ತಿದ್ದೆ. ಮನೆ ಕಟ್ಟುವ ಮೊದಲೇ ಅದರ ಮುಖ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವುದೇ ಎಲಿವೇಶನ್. ಪಾಲಿಟೆಕ್ನಿಕ್‌ನಲ್ಲಿ ಡ್ರಾಫ್ಟಿಂಗ್ ಕಲಿತು ಈ ಕೆಲಸಕ್ಕೆ ಇಳಿದು ಇಪ್ಪತ್ತೆರಡು ವರ್ಷವಾಗಿತ್ತು. ನನ್ನ ಹೆಸರು ರಜಿಯಾ ಎಂದು ಗೊತ್ತಿದ್ದವರು ಕಡಿಮೆ. ಎಲಿವೇಶನ್ ಮೇಡಂ ಎಂದರೆ ಆಟೋದವರು ಸೀದಾ ಬಾಗಿಲಿಗೆ ತಂದು ಇಳಿಸುತ್ತಿದ್ದರು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂಬುದೂ ಅವರಿಗೆ ಗೊತ್ತಿತ್ತು.

ಸಿಟ್ಟಿಗೆ ಕಾರಣವಿತ್ತು. ಒಬ್ಬರಿಗೆ ಅಡುಗೆಮನೆ ಆಗ್ನೇಯಕ್ಕೆ ಬೇಕು, ಇನ್ನೊಬ್ಬರಿಗೆ ಬಾಲ್ಕನಿ ಪಕ್ಕದ ಮನೆಯವರದ್ದಕ್ಕಿಂತ ಅರ್ಧ ಅಡಿ ಮುಂದೆ ಬರಬೇಕು. ಮೆಟ್ಟಿಲು ಸ್ವಲ್ಪ ಚಂದ ಮಾಡಿದರೆ, 'ಮೇಡಂ, ಇದರ ಕೆಳಗ ಮೋಟಾರ್ ಕೂಡತೈತೇನ್ರಿ?' ಎಂಬ ಪ್ರಶ್ನೆ. ನನ್ನ ಕಲೆಯೆಲ್ಲ ನೀರಿನ ಮೋಟಾರಿಗೆ ಜಾಗ ಹುಡುಕುವುದರಲ್ಲೇ ಸವೆದುಹೋಗುತ್ತಿದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಅಂಥ ಹೊತ್ತಿನಲ್ಲಿ ಒಬ್ಬ ಕಣ್ಣಿನ ಡಾಕ್ಟರು ಬಂದರು. ಊರಲ್ಲಿ ಹೊಸ ಆಸ್ಪತ್ರೆ ಕಟ್ಟಿಸಿದ್ದರು. ರೋಗಿಗಳು ಕಾಯುವ ಹಾಲಿನ ಒಂದು ಗೋಡೆ ನಲವತ್ತೆರಡು ಅಡಿ ಉದ್ದ, ಹನ್ನೊಂದು ಅಡಿ ಎತ್ತರ. ಅದರ ಮೇಲೆ ಏನಾದರೂ ಬೇಕಿತ್ತು.

'ಕಣ್ಣಿಗೆ ಡ್ರಾಪ್ಸ್ ಹಾಕಿ ಎರಡೆರಡು ತಾಸು ಕುಂದರಸ್ತೀವಿ. ಜೊತಿಗೆ ಬಂದವರಿಗೂ ಬ್ಯಾಸರ ಆಗತದ,' ಎಂದರು. 'ನೋಡಿದಷ್ಟೂ ಮುಗೀಬಾರದು, ಅಂಥಾದೊಂದು ಚಿತ್ರ ಮಾಡ್ರಿ. ಯಾರ ಕೈಲೂ ಕಟ್ಟಾಕ ಬರಲಾರದಂಥ ಮನಿ ತಗೀರಿ.'

ಕಟ್ಟಲು ಬಾರದ ಮನೆ! ಇಪ್ಪತ್ತೆರಡು ವರ್ಷದಲ್ಲಿ ನನಗೆ ಹಾಗೆ ಹೇಳಿದ ಮೊದಲ ಮನುಷ್ಯ ಅವರು. ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಡಾಕ್ಟರು ಇನ್ನೊಂದು ಮಾತೂ ಹೇಳಿದರು. ತಪಾಸಣೆ ಕೋಣೆಯ ಬಾಗಿಲು ಆ ಗೋಡೆಗೆ ನೇರ ಎದುರಿಗಿತ್ತು. ಆಪರೇಶನ್ ಆದ ಮರುದಿನ ಅಲ್ಲಿ ಪಟ್ಟಿ ಬಿಚ್ಚಿ ರೋಗಿಗಳನ್ನು ಹೊರಗೆ ಕಳಿಸುತ್ತಾರೆ. ಪೊರೆ ತೆಗೆದ ಕಣ್ಣಿಗೆ ಮೊದಲು ಕಾಣುವ ದೊಡ್ಡ ದೃಶ್ಯ ಈ ಚಿತ್ರವಾಗಬೇಕು ಎಂಬುದು ಅವರ ಆಸೆ. ಕೇಳಿ ನನ್ನ ಕಣ್ಣೇ ತುಂಬಿ ಬಂತು.

ನಾಲ್ಕು ತಿಂಗಳು ಅದೇ ಧ್ಯಾನ. ಬಾದಾಮಿಗೆ ಹೋಗಿ ಕೆಂಪು ಬಂಡೆಗಳ ಸಂದಿಯಲ್ಲಿ ಹತ್ತುವ ಮೆಟ್ಟಿಲು, ಹೊಂಡದ ಸುತ್ತ ನೀರಿಗೆ ಇಳಿಯುವ ಪಾವಟಿಗೆ, ಗುಹೆಯ ಕಂಬ ಎಲ್ಲದರ ಅಳತೆ ಹಿಡಿದೆ, ಫೋಟೋ ತೆಗೆದೆ. ಹುನಗುಂದದ ಹಳೆಯ ಮನೆಗಳ ಮಾಳಿಗೆ, ಇಳಕಲ್ಲಿನ ಗ್ರಾನೈಟ್ ಅಂಗಳದಲ್ಲಿ ಒರಗಿಸಿಟ್ಟ ಚಪ್ಪಡಿ, ಯಾವುದನ್ನೂ ಬಿಡಲಿಲ್ಲ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ಒಂದರೊಳಗೊಂದು ಹೆಣೆದೆ. ಒಂದು ಕಂಬದ ಬುಡ ಮುಂದಿತ್ತು, ತಲೆ ಹಿಂದಿನ ಗೋಡೆಗೆ ಹೋಗಿ ತಾಗುತ್ತಿತ್ತು. ಹೊಂಡ ಚಾವಣಿಯಲ್ಲಿ ಬೋರಲಾಗಿತ್ತು, ನೀರು ಬೀಳುತ್ತಿರಲಿಲ್ಲ. ನಡುವಿನ ದೊಡ್ಡ ಮೆಟ್ಟಿಲ ಸಾಲು ನಾಲ್ಕು ಕಡೆಯೂ ಏರುತ್ತಲೇ ಹೋಗಿ ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು.

ಇದು ಹೇಗೆ ಸಾಧ್ಯ ಎಂದು ಈಗಲೂ ಕೇಳುತ್ತಾರೆ. ಗುಟ್ಟೇನೂ ಇಲ್ಲ. ಕಂಪ್ಯೂಟರಿನೊಳಗೆ ಆ ಮೆಟ್ಟಿಲು ತುಂಡು ತುಂಡೇ. ಒಂದು ತುಂಡು ಹತ್ತಿರ, ಇನ್ನೊಂದು ದೂರ, ನಡುವೆ ಖಾಲಿ. ಆದರೆ ಕ್ಯಾಮೆರಾವನ್ನು ಒಂದು ಕರಾರುವಾಕ್ಕಾದ ಬಿಂದುವಿನಲ್ಲಿ ಇಟ್ಟರೆ ಎರಡೂ ತುದಿ ಒಂದರ ಮೇಲೊಂದು ಕೂತು ಕೂಡಿದ ಹಾಗೆ ಕಾಣುತ್ತವೆ. ಆ ಬಿಂದುವನ್ನು ತಪಾಸಣೆ ಕೋಣೆಯ ಬಾಗಿಲಿಗೇ ಇಟ್ಟೆ. ಬರುವವರಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು ಎಂದು ಎತ್ತರ ನಾಲ್ಕು ಅಡಿ ಎಂಟು ಇಂಚು ಹಿಡಿದೆ. ಇಷ್ಟು ಲೆಕ್ಕ ಹಾಕಿದವಳಿಗೆ ಇನ್ನೊಂದು ಲೆಕ್ಕ ಹೊಳೆಯಲಿಲ್ಲ.

ರೆಂಡರ್ ಆಗಲು, ಎಂದರೆ ಕಂಪ್ಯೂಟರು ನೆರಳು ಬೆಳಕೆಲ್ಲ ಲೆಕ್ಕ ಹಾಕಿ ಕೊನೆಯ ಚಿತ್ರ ತೆಗೆಯಲು, ಹನ್ನೊಂದು ದಿನ ಹಿಡಿಯಿತು. ಕರೆಂಟು ಎರಡು ಸಲ ಕೈಕೊಟ್ಟಿತು. ಅಂತೂ ಹನ್ನೆರಡು ಪಟ್ಟಿಯಾಗಿ ಪ್ರಿಂಟು ಬಂತು.

ಆಸ್ಪತ್ರೆಯ ನೆಲಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿದ್ದರು. ನಾನು ಅದೇ ಕಲ್ಲಿನ ಫೋಟೋ ತೆಗೆದು, ಅದೇ ಸಂದುಗಳನ್ನು ಚಿತ್ರದೊಳಕ್ಕೂ ಎಳೆದುಕೊಂಡು ಹೋಗಿದ್ದೆ. ನೆಲ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಗೊತ್ತಾಗಬಾರದು. ಆದರೆ ಗ್ರಾನೈಟ್ ಮೇಸ್ತ್ರಿ ಮುತ್ತಣ್ಣ ಗೋಡೆಯ ಬುಡಕ್ಕೆ ನಾಲ್ಕು ಇಂಚಿನ ಸ್ಕರ್ಟಿಂಗ್ ಕಲ್ಲು ಕೂಡಿಸಲು ಬಂದು ನಿಂತ.

'ಸ್ಕರ್ಟಿಂಗ್ ಬ್ಯಾಡ,' ಎಂದೆ.

'ಹಂಗಂದ್ರ ಹ್ಯಾಂಗ್ರಿ ಮೇಡಂ? ಗ್ವಾಡಿ ಎಲ್ಲಿಂದ ಶುರು ಆತು ಅಂತ ಗೊತ್ತಾಗಬೇಕಲ್ಲರಿ.'

'ಗೊತ್ತಾಗಬಾರದು ಅಂತನ ಬ್ಯಾಡ ಅಂದದ್ದು. ನಿಮ್ಮ ಕಲ್ಲ ನೀವು ತಗೊಂಡು ಹೋಗ್ರಿ!'

ಮುತ್ತಣ್ಣ ಗೊಣಗುತ್ತ ಕಲ್ಲು ಹೊತ್ತುಕೊಂಡು ಹೋದ. ಮೊದಲ ಮೆಟ್ಟಿಲು ನೆಲದಿಂದಲೇ ಎದ್ದು ನಿಂತಿತು. ಮಾಳಿಗೆಯ ತಂತಿಗೆ ಒಣಹಾಕಿದ ಒಂದು ಇಳಕಲ್ ಸೀರೆಯನ್ನೂ ನಿಜದ ಅಳತೆಯಲ್ಲಿ ಬಿಡಿಸಿದ್ದೆ, ಕಪ್ಪು ಮೈ, ಉದ್ದಕ್ಕೂ ಬಿಳಿ ಗೀರು, ಕೆಂಪು ಸೆರಗು. ದಿನವೂ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದು ನೋಡುತ್ತಿದ್ದೆ. ಬರಿಗಣ್ಣಿಗಿಂತ ಮೊಬೈಲಿನಲ್ಲಿ ಅದು ಹೆಚ್ಚು ನಿಜವಾಗಿ ಕಾಣುತ್ತಿತ್ತು. ಖುಷಿಪಟ್ಟೆನೇ ಹೊರತು ಯಾಕೆ ಎಂದು ಯೋಚಿಸಲಿಲ್ಲ.

ಆಸ್ಪತ್ರೆ ತೆರೆದ ಮೂರನೆಯ ವಾರ, ಮಂಗಳವಾರ ಬೆಳಿಗ್ಗೆ ಡಾಕ್ಟರ ಫೋನು ಬಂತು. ಗೌರವ್ವ ಎಂಬ ಇಳಕಲ್ಲಿನ ಮುದುಕಿ ನನ್ನ ಗೋಡೆಗೆ ಹಾಯ್ದು ಬಿದ್ದಿದ್ದಳು. ಹಿಂದಿನ ದಿನವಷ್ಟೇ ಬಲಗಣ್ಣಿನ ಪೊರೆ ತೆಗೆದಿದ್ದರು. ಪಟ್ಟಿ ಬಿಚ್ಚಿದ ಮೇಲೆ ಮಗ ಸಂಗಣ್ಣ ಔಷಧಿ ತರಲು ಹೋದ. ಅವನು ಬರುವುದರೊಳಗೆ ಈಕೆ ಸೀದಾ ನಡೆದು, ನಿರಿಗೆ ಎತ್ತಿ ಹಿಡಿದು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳಂತೆ. ಹಣೆ ಗೋಡೆಗೆ ಬಡಿದು ಹಿಂದಕ್ಕೆ ಬಿದ್ದಳು. ಆಪರೇಶನ್ ಆದ ಕಣ್ಣಿನೊಳಗೆ ರಕ್ತ ಇಳಿದಿತ್ತು.

ಮೊದಲು ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆದರಿಕೆಯ ಜಾಗದಲ್ಲಿ ಮೂಗಿನ ತುದಿಯ ಸಿಟ್ಟು ಬಂದು ಕೂತಿತ್ತು. ಸಂಗಣ್ಣ ಹಾಲಿನಲ್ಲೇ ಸಿಕ್ಕ. ಕೈಮಗ್ಗದ ನೇಕಾರ. ಸಣ್ಣ ದನಿಯಲ್ಲೇ ಕೇಳಿದ: 'ಈ ಚಿತ್ರ ತಗದಾಕಿ ನೀವೇನ್ರಿ?'

'ಹೌದು. ಗ್ವಾಡಿ ಗ್ವಾಡಿನ ಅಲ್ಲೇನ್ರಿ? ಎರಡು ನೂರು ಮಂದಿ ನೋಡ್ಯಾರ, ಯಾರೂ ಹಾಯ್ದಿಲ್ಲ,' ಎಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸಂಗಣ್ಣ ಜಗಳಕ್ಕೆ ಬರಲಿಲ್ಲ. 'ನಮ್ಮವ್ವ ಹಾಸ ಕೂಡಿಸಿಕೊಟ್ರಷ್ಟ ನನ್ನ ಮಗ್ಗ ನಡೀತೈತ್ರಿ. ಆಕಿ ಕಣ್ಣ ಹೋದ್ರ ನೀವು ಬಂದು ಕೂಡಸ್ತೀರೇನ್ರಿ?' ಎಂದ.

ಇಳಕಲ್ ಸೀರೆ ಬಲ್ಲವರಿಗೆ ಇದು ಗೊತ್ತು. ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸಬೇಕು. ಗೌರವ್ವ ಐವತ್ತು ವರ್ಷ ಮಾಡಿದ್ದು ಅದೊಂದೇ ಕೆಲಸ. ಎರಡು ವರ್ಷದಿಂದ ಎಳೆ ಕಾಣದೆ ಕೈಕಟ್ಟಿ ಕೂತಿದ್ದಳು, ಕೂಲಿಗೆ ಕೂಡಿಸುವವರು ಸಿಕ್ಕಾಗಷ್ಟೇ ಮಗನ ಮಗ್ಗ ನಡೆಯುತ್ತಿತ್ತು. ಮತ್ತೆ ಕೂಡಿಸಬೇಕೆಂದೇ ಆಪರೇಶನ್ನಿಗೆ ಬಂದಿದ್ದಳು.

ಅಷ್ಟರಲ್ಲಿ ಡಾಕ್ಟರು ನನ್ನನ್ನು ತಪಾಸಣೆ ಕೋಣೆಗೆ ಕರೆದು ಕೂರಿಸಿದರು. ನನ್ನ ಎಡಗಣ್ಣಿಗೆ ಹತ್ತಿಯ ಪಟ್ಟಿ ಇಟ್ಟು ಟೇಪು ಹಚ್ಚಿದರು. ಬಾಗಿಲ ತನಕ ಕೈ ಹಿಡಿದು ತಂದು ನಿಲ್ಲಿಸಿದರು.

'ಈಗ ನೋಡ್ರಿ.'

ಯಾ ಅಲ್ಲಾ! ಗೋಡೆ ಇರಲಿಲ್ಲ. ನೆಲ ಮುಂದಕ್ಕೆ ಹೋಗುತ್ತಿತ್ತು, ಮೆಟ್ಟಿಲು ಎದ್ದು ನಿಂತಿತ್ತು, ಮಾಳಿಗೆಯಲ್ಲಿ ಗಾಳಿ ಆಡುತ್ತಿತ್ತು. ಮಾಡಿದವಳು ನಾನು, ನನ್ನ ಕಾಲೇ ಮುಂದಕ್ಕೆ ಹೋಯಿತು.

ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂದು ನಾವು ಹೆಚ್ಚಾಗಿ ತಿಳಿಯುವುದು ಎರಡು ಕಣ್ಣು ಎರಡು ಬೇರೆ ಕೋನದಿಂದ ನೋಡುವುದರಿಂದ. ಎರಡು ಕಣ್ಣಿದ್ದವರಿಗೆ ನನ್ನ ಚಿತ್ರ ಎಷ್ಟೇ ಆದರೂ ಚಿತ್ರವೇ. ಗೌರವ್ವನ ಒಂದು ಕಣ್ಣು ಆಗಷ್ಟೇ ತೆರೆದದ್ದು, ಇನ್ನೊಂದರಲ್ಲಿ ದಪ್ಪ ಪೊರೆ. ಹೊಸ ಲೆನ್ಸು ದೂರಕ್ಕೆ ಸ್ಪಷ್ಟ, ಹತ್ತಿರಕ್ಕೆ ಮಸುಕು. ಆದ್ದರಿಂದ ಗೋಡೆಯ ಸಮೀಪಕ್ಕೆ ಹೋದ ಮೇಲೂ ಮೋಸ ತಿಳಿಯುವಂತಿರಲಿಲ್ಲ. ಕ್ಯಾಮೆರಾಕ್ಕೂ ಒಂದೇ ಕಣ್ಣು. ಮೊಬೈಲು ದಿನವೂ ನನಗೆ ಅದನ್ನೇ ತೋರಿಸುತ್ತಿತ್ತು. ಒಂದು ಕಣ್ಣಿನವರು ಬಂದು ನಿಲ್ಲುವ ಬಾಗಿಲಿಗೇ ನಾನು ಅಳತೆ ಹಿಡಿದು ಬಲೆ ಹಾಸಿದ್ದೆ.

'ತಪ್ಪು ಅರ್ಧ ನಂದು ಮೇಡಂ. ಇಲ್ಲಿಂದನ ಕಾಣಬೇಕು ಅಂದಾವ ನಾ,' ಎಂದರು ಡಾಕ್ಟರು. ರಕ್ತ ಕರಗುತ್ತದೋ, ಕಣ್ಣಿನ ಒತ್ತಡ ಏರುತ್ತದೋ ಐದಾರು ದಿನ ನೋಡಬೇಕೆಂದರು.

ಮುತ್ತಣ್ಣನಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನು ಬರುವ ತನಕವೂ ನನಗೆ ತಾಳ್ಮೆ ಇರಲಿಲ್ಲ. ಪೇಪರು ಕತ್ತರಿಸುವ ಬ್ಲೇಡು ಹಿಡಿದು ಮಂಡಿಯೂರಿ ಕೂತು, ನಲವತ್ತೆರಡು ಅಡಿ ಉದ್ದಕ್ಕೂ ಚಿತ್ರದ ಕೆಳಗಿನ ಮೂರು ಅಡಿ ಕೊಯ್ದು ಕಿತ್ತೆ. ನಾಲ್ಕು ತಿಂಗಳು ಕೂಡಿಸಿದ ನೆಲ, ಮೊದಲ ಐದು ಮೆಟ್ಟಿಲು ಉಂಡೆಯಾಗಿ ಬಿದ್ದವು. ಅತ್ತೆ, ಆದರೆ ಚಿತ್ರಕ್ಕಾಗಿ ಅಲ್ಲ. ಸಂಗಣ್ಣ ನೋಡುತ್ತ ನಿಂತಿದ್ದವನು ಕೊನೆಗೆ ತಾನೂ ಕೂತು ಒಂದು ತುದಿ ಹಿಡಿದು ಎಳೆದ. ಮುತ್ತಣ್ಣ ಆ ಜಾಗಕ್ಕೆ ಕಪ್ಪು ಗ್ರಾನೈಟ್ ಹಚ್ಚಿದ, ಮುಂದೆ ಸ್ಟೀಲಿನ ಕಟಾಂಜನ ನಿಲ್ಲಿಸಿದ. 'ನಾ ಮೊದಲ ಹೇಳಿದ್ದೆ' ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ.

ಮೂರನೆಯ ದಿನ ಧೈರ್ಯ ಮಾಡಿ ವಾರ್ಡಿಗೆ ಹೋದೆ. ಗೌರವ್ವನನ್ನು ದಿಂಬು ಏರಿಸಿ ತಲೆ ಎತ್ತರಕ್ಕಿಟ್ಟು ಮಲಗಿಸಿದ್ದರು. ಕಣ್ಣಿಗೆ ಮತ್ತೆ ಪಟ್ಟಿ. ನಾನು ಯಾರೆಂದು ಹೇಳಿ ಕಾಲು ಹಿಡಿದೆ.

'ತಪ್ಪಾತಬೇ ಆಯಿ. ಪಾವಟಿಗಿ ಖರೆ ಅನ್ನೂ ಹಂಗ ಮಾಡಬಾರದಿತ್ತು.'

'ಪಾವಟಿಗಿ ಕಟಗೊಂಡು ನನಗೇನು, ಯವ್ವಾ?' ಎಂದಳು. 'ಎರಡು ವರ್ಷ ಆದಮ್ಯಾಲೆ ಚಂದಂಗ ಕಂಡದ್ದು ಅಂದ್ರ ಆ ಸೀರಿ. ಮೈಯಾಗಿನ ಬಿಳಿ ಗೀರು ಸೀದಾ ಸೆರಗಿನಾಗ ಹೊಕ್ಕಾವು! ಹ್ಯಾಂಗ ಹೊಕ್ಕಾವು? ಅಲ್ಲೇ ಕೊಂಡಿ ಇರಬೇಕಲ್ಲ? ಕೊಂಡಿ ಇಲ್ಲದ ಕೂಡಿಸಿದಾಕಿ ಯಾರಿರಬೇಕು ಅಂತ ನೋಡಾಕಂತ ಪಾವಟಿಗಿ ಹತ್ತಾಕ ಹೋಗಿದ್ದೆ.'

ಸೆರಗಿನ ಹಾಸು ಬೇರೆಯಾದ ಮೇಲೆ ಮೈಯ ಗೀರು ಕೊಂಡಿಯಲ್ಲೇ ನಿಲ್ಲಬೇಕಿತ್ತು. ಸೀರೆಯ ಮೈಯ ಮೇಲೆಯೇ ಸೆರಗಿನ ಬಣ್ಣದ ಪದರ ಹೊದಿಸಿ ಕೆಲಸ ಮುಗಿಸಿದ್ದೆ. ಹಾಗಾಗಿ ಗೀರುಗಳು ಕೆಳಗಿನಿಂದ ಇಣುಕಿದ್ದವು. ತಲೆಕೆಳಗಾದ ಹೊಂಡ, ಸುತ್ತಿ ಬರುವ ಮೆಟ್ಟಿಲು ಎಲ್ಲವನ್ನೂ ಬೇಕೆಂದೇ ಅಸಾಧ್ಯ ಮಾಡಿದ್ದೆ. ಗೊತ್ತಿಲ್ಲದೆ ಮಾಡಿದ ಒಂದೇ ಒಂದು ಅಸಾಧ್ಯ ಅದು, ಅದನ್ನು ಆಕೆ ಇಪ್ಪತ್ತಾರು ಅಡಿ ದೂರದಿಂದ ಒಂದೇ ಕಣ್ಣಲ್ಲಿ ಹಿಡಿದಿದ್ದಳು.

ರಕ್ತ ಕರಗಿತು. ಎರಡು ತಿಂಗಳಿಗೆ ಕನ್ನಡಕ ಕೊಟ್ಟರು. ಅಷ್ಟರಲ್ಲಿ ನಾನು ಇಳಕಲ್ಲಿಗೆ ಹೋಗಿ, ಮಗ್ಗದ ಮುಂದೆ ಕೂತು, ಕೊಂಡಿ ಹೇಗೆ ಬೀಳುತ್ತದೆಂದು ಸಂಗಣ್ಣನಿಂದ ತಿಳಿದು ಸೀರೆಯ ಪಟ್ಟಿ ಹೊಸದಾಗಿ ಮಾಡಿ ಹಚ್ಚಿಸಿದೆ.

ಎಡಗಣ್ಣಿನ ಆಪರೇಶನ್ನಿಗೆ ಗೌರವ್ವ ಮತ್ತೆ ಬಂದಳು. ಪಟ್ಟಿ ಬಿಚ್ಚುವ ದಿನ ಬಾಗಿಲಲ್ಲಿ ನಾನೇ ನಿಂತಿದ್ದೆ. ನನ್ನ ಕೈ ಹಿಡಿದು ಕಟಾಂಜನದ ತನಕ ಬಂದು ಕತ್ತು ಎತ್ತಿ ಬಹಳ ಹೊತ್ತು ನೋಡಿದಳು.

'ಹೂಂ, ಈಗ ಸೀರಿ ಆತು ನೋಡು,' ಎಂದಳು. 'ಆದ್ರ ಹತ್ತಾಕ ಪಾವಟಿಗಿನ ಇಲ್ಲಲ್ಲಬೇ!'

ಹಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು, ಹಾಸು ಕೂಡಿಸಲು ಆಗುತ್ತದೆಯೇ ಎಂದು ಕೇಳಿದೆ.

'ಹಗಲ ಹೊತ್ತು ಕೂಡಸ್ತೇನಿ. ಸಂಜಿ ಆದ್ರ ಬಲಗಣ್ಣಿಗೆ ದೀಪದ ಸುತ್ತ ಬಳಿ ತೊಡಿಸಿದಂಗ ಕಾಣ್ತೈತಿ. ಎಳಿ ಸಿಗೂದಿಲ್ಲ. ಮೊದಲು ದೀಪ ಹಚ್ಚಿದಮ್ಯಾಲೂ ಕುಂದರತಿದ್ದೆ,' ಎಂದಳು. ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಬಿದ್ದದ್ದರಿಂದ ಹಾಗಾಯಿತೆಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಅವರಿಗೆ ಬರದಿರಬಹುದು, ನನಗೆ ಬರುತ್ತದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕ್ಯಾಮೆರಾ ಎಲ್ಲಿಡಬೇಕೆಂಬುದನ್ನು ಇಂಚು ಲೆಕ್ಕದಲ್ಲಿ ಬಲ್ಲವಳು ನಾನು. ಅಲ್ಲಿ ಬಂದು ನಿಲ್ಲುವವರು ಯಾರು, ಅವರ ಕಣ್ಣು ಎಂಥದು, ಕಂಡದ್ದನ್ನು ನಂಬಿ ಅವರು ಎಲ್ಲಿ ಕಾಲಿಡುತ್ತಾರೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಯಾವ ಗೋಡೆಗೆ ಅಳತೆ ಹಿಡಿದರೂ ಮೊದಲು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆ ಕೋಣೆಯಲ್ಲಿ ಒಂದು ಸುತ್ತು ನಡೆಯುತ್ತೇನೆ. ನೋಡಿದವರು ನಗುತ್ತಾರೆ, ನಗಲಿ. ಇಳಕಲ್ಲಿನಲ್ಲಿ ಒಬ್ಬಳು ಹೆಣ್ಣುಮಗಳು ದೀಪ ಹಚ್ಚುವ ಹೊತ್ತಿಗೆ ಎಳೆ ಕೆಳಗಿಟ್ಟು ಏಳುತ್ತಾಳೆ, ಅದು ನನ್ನ ಚಿತ್ರದಿಂದ.