ಜೋಡಿ ಸುಳಿಯ ಕುದುರೆ

ನನಗೆ ಕುದುರೆ ಎಂದರೆ ಭಯ. ಜಟಕಾ ಹತ್ತುವಾಗಲೂ ಕುದುರೆಯ ಕಣ್ಣಿಗೆ ಬೀಳದ ಹಾಗೆ ಸುತ್ತಿ ಬಂದು ಹತ್ತುತ್ತಿದ್ದವನು ನಾನು. ಆದರೂ ಚನ್ನಪಟ್ಟಣದ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ವರ್ಷಗಳಲ್ಲಿ ನಮ್ಮ ನಡುಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ಕುದುರೆಗಳಿದ್ದವು, ಎಲ್ಲವೂ ಗೋಡೆಯ ಮೇಲೆ. ಬೆಂಗಳೂರಿನ ದಂಡಿನಲ್ಲಿ ಬಿಳಿಯ ದೊರೆಗಳು ಊರಿಗೆ ಹೊರಟು ನಿಂತಾಗ ಬಂಗಲೆಯ ಸಾಮಾನು ಹರಾಜಾಗುತ್ತಿತ್ತು. ಕುರ್ಚಿ, ಮೇಜು, ಪಿಂಗಾಣಿಗೆ ಜನ ಮುಗಿಬೀಳುತ್ತಿದ್ದರು. ಯಾರಿಗೂ ಬೇಡವಾದ ಕುದುರೆ ಪಟಗಳನ್ನು ನಾನು ಬಗಲಲ್ಲಿ ಇರುಕಿಕೊಂಡು ರೈಲು ಹತ್ತುತ್ತಿದ್ದೆ.

"ಹುಲ್ಲು ಹಾಕೋದೊಂದು ಬಾಕಿ ಐತೆ ನೋಡ್ರೀ" ಎನ್ನುತ್ತಿದ್ದಳು ನನ್ನ ಹೆಂಡತಿ.

ಪಟ ತಂದ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅಸಲೋ ನಕಲೋ ಎಂಬ ಕೊರಗು. ಅಚ್ಚಿನ ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದು, ತಾಮ್ರದ ತಗಡು ಒತ್ತಿದ ಅಂಚು ಕಾಗದದಲ್ಲಿ ತಗ್ಗಾಗಿ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಭೂತಗನ್ನಡಿಯಲ್ಲಿ ಗೆರೆ ಗೆರೆಯಾಗಿಯೇ ಇದೆಯೇ, ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆಯೇ ಎಂದು ಹತ್ತು ಸಲ ನೋಡಿ ಹನ್ನೊಂದನೆಯ ಸಲ ಅನುಮಾನ ಪಡುತ್ತಿದ್ದೆ. ಈ ಪುಕ್ಕಲುತನವನ್ನೇ ಜನ ಪಾಂಡಿತ್ಯ ಎಂದು ತಿಳಿದರು. ಕುದುರೆ ಮೇಷ್ಟ್ರು ಎಂಬ ಹೆಸರು ಮೈಸೂರಿನವರೆಗೂ ಹೋಯಿತು.

ಒಂದು ಬೇಸಿಗೆಯ ಆರಂಭದಲ್ಲಿ ಮೈಸೂರಿನ ಲಾಯದ ಅಧಿಕಾರಿಯೊಬ್ಬರಿಂದ ಕಾಗದ ಬಂತು. ಹಿಂದಿನ ಕಾಲದ ಸವಾರರ ಚಿತ್ರಗಳನ್ನು ಒಂದು ಹಜಾರದಲ್ಲಿ ತೂಗುಹಾಕಿ, ಪ್ರತಿಯೊಂದರ ಕೆಳಗೂ ಸವಾರನ ಹೆಸರಿನ ಫಲಕ ಹೊಡೆಯುವ ಏರ್ಪಾಡಾಗಿತ್ತು. ಅಕ್ಕೂರಿನಲ್ಲಿ ತೀರಿಹೋದ ಒಬ್ಬ ರಾವುತನ ಮನೆಯಲ್ಲಿ ಅಂಥದೊಂದು ಚಿತ್ರವಿದೆಯಂತೆ. ಎದುರಿಗೆ ನಿಲ್ಲಿಸಿಕೊಂಡು ಬರೆದದ್ದೋ, ಯಾವುದೋ ಅಚ್ಚು ನೋಡಿ ತೆಗೆದ ನಕಲೋ ನೀವು ಹೇಳಬೇಕು ಎಂದು ಬರೆದಿದ್ದರು. ಸವಾರರ ಪಟ್ಟಿಯನ್ನು ಗೆದ್ದಲು ತಿಂದುಹಾಕಿತ್ತು. ಕುದುರೆಗಳ ದಫ್ತರು ಮಾತ್ರ ಉಳಿದಿತ್ತು. ಅದರ ಒಂದು ಸಾಲನ್ನು ಕಾಗದದ ಜೊತೆ ಕಳಿಸಿದ್ದರು: ಕಂದು ಬಣ್ಣ, ಎಡ ಹಿಂಗಾಲು ಬಿಳಿ, ಹಣೆಯ ಮೇಲೆ ಅಕ್ಕಪಕ್ಕ ಎರಡು ಸುಳಿ.

ಅಕ್ಕೂರಿನ ಆ ಮನೆಯಲ್ಲಿ ರಾವುತನ ಹೆಂಡತಿ ಒಬ್ಬರೇ ಇದ್ದರು. ಅರವತ್ತು ದಾಟಿದ ಜೀವ. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವರು ಕತ್ತಿ ಬದಿಗಿಟ್ಟು ಎದ್ದು ಬಂದರು. ಕುದುರೆಯ ಹೆಸರನ್ನು ಮಗುವಿನ ಹೆಸರಿನ ಹಾಗೆ ಮಾತುಮಾತಿಗೂ ಹೇಳಿದರು. ಗಂಡನ ಹೆಸರನ್ನು ಮಾತ್ರ ಹೇಳಲಿಲ್ಲ. ಆ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ.

"ನಮ್ಮನೆಯೋರು ಅದರ ಪಕ್ಕದಲ್ಲಿ ಮೂರು ದಿವ್ಸ ನಿಂತಿದ್ರಂತೆ, ಬರೆಯೋನು ಬರೀತಿದ್ನಂತೆ. ಊರೋರು ನಂಬಾಕಿಲ್ಲ ಮೇಷ್ಟ್ರೇ. ಪ್ಯಾಟೇಲಿ ತಕಂಬಂದ ಪಟ, ರಾವುತ ಬುರುಡೆ ಬುಡ್ತಾನೆ ಅಂತ ಅವ್ರು ಸಾಯೋಗಂಟ ಆಡ್ಕಂಡ್ರು" ಎಂದರು. ಆಮೇಲೆ ದನಿ ತಗ್ಗಿಸಿ, "ಅಲ್ಲಿ ಅವ್ರ ಹೆಸ್ರು ಬರೀತಾರಂತಲ್ಲ, ದಿಟವಾ?" ಎಂದು ಕೇಳಿದರು.

ದಿಟ ಎಂದೆ. ಚಿತ್ರವನ್ನು ಮಲ್ಲು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ.

ನಾಲ್ಕು ದಿನ ನೋಡಿದೆ. ಹಲಗೆಗೆ ಅಂಟಿಸಿದ ಕಾಗದದ ಮೇಲೆ ಬರೆದ ಚಿತ್ರ. ಕಂದು ಬಣ್ಣ ಸರಿ, ಬಿಳಿಯ ಕಾಲು ಸರಿ. ಆದರೆ ಹಣೆಯ ಮೇಲೆ ಒಂದೇ ಸುಳಿ. ಕೂದಲು ಕೂದಲು ಬಿಡಿಸಿ ಬರೆಯುವ ಚಿತ್ರಗಾರ, ನಮ್ಮ ಜನ ಕುದುರೆಯಲ್ಲಿ ಮೊದಲು ನೋಡುವ ಸುಳಿಯನ್ನೇ ಬಿಡುತ್ತಾನೆಯೇ? ಕುದುರೆ ಎದುರಿಗಿರಲಿಲ್ಲ, ಅದಕ್ಕೇ ಬಿಟ್ಟಿದ್ದಾನೆ. ಎರಡನೆಯ ಸುಳಿ ಇರಬೇಕಾದಲ್ಲಿ ತುಸು ಹೊಳಪು ಹೆಚ್ಚಾಗಿತ್ತು. ವಾರ್ನಿಷು ದಪ್ಪವಾಗಿದೆ ಅಂದುಕೊಂಡೆ. ಇನ್ನೂ ನಾಲ್ಕು ದಿನ ಇಟ್ಟುಕೊಂಡರೆ ನನ್ನ ತಲೆಯೇ ಕೆಡುತ್ತದೆ ಎನ್ನಿಸಿ, ಮರುದಿನ ಬೆಳಿಗ್ಗೆ 'ಇದು ನಕಲು' ಎಂದು ಬರೆದು ಟಪಾಲಿಗೆ ಹಾಕಿಬಿಟ್ಟೆ.

ಚಿತ್ರ ಹಿಂದಿರುಗಿಸಲು ಅಂದೇ ಅಕ್ಕೂರಿಗೆ ಗಾಡಿ ಕಟ್ಟಿಸಿದೆ. ಕಮಾನಿಲ್ಲದ ಎತ್ತಿನ ಗಾಡಿ, ನಡುಮಧ್ಯಾಹ್ನದ ಬಿಸಿಲು. ಕುಲುಕಾಟಕ್ಕೆ ಪಟ ಬಿದ್ದೀತೆಂಬ ಹೆದರಿಕೆಯಲ್ಲಿ ಅದನ್ನು ಎದೆಗೆ ಒರಗಿಸಿ, ಬಟ್ಟೆಯ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ಕೂತಿದ್ದೆ. ಆ ತಾಯಿಗೆ ಏನೆಂದು ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಕಟ್ಟಿದೆ. ಬಾಗಿಲಲ್ಲಿ ಆಕೆಯ ಮುಖ ಕಂಡದ್ದೇ ತಡ, ಕಟ್ಟಿದ್ದೆಲ್ಲ ಮರೆತುಹೋಯಿತು.

"ಅವ್ವಾ, ಇದು ನಕಲು. ಹಾಗಂತ ಬರೆದುಬಿಟ್ಟೆ" ಎಂದೆ.

ಆಕೆ ಗೋಡೆ ಹಿಡಿದು ಕೂತರು. "ಹಂಗಾರೆ ಊರೋರ ಮಾತೇ ದಿಟ ಅನ್ನಿ."

ನಾನು ಪಟದ ಬಟ್ಟೆ ಬಿಚ್ಚತೊಡಗಿದೆ. ಎಲ್ಲ ಕಡೆ ಸಲೀಸಾಗಿ ಬಂದ ಬಟ್ಟೆ ಕುದುರೆಯ ಹಣೆಯ ಹತ್ತಿರ ಕಚ್ಚಿಕೊಂಡಿತು. ಮೆಲ್ಲಗೆ ಎಳೆದೆ. ಬಟ್ಟೆಯ ಜೊತೆಗೆ ಉಗುರಿನಷ್ಟು ಕಂದು ಚಕ್ಕೆ ಎದ್ದು ಬಂತು. ಮೂಗಿಗೆ ಹಿಡಿದೆ. ಅರಗು! ನಮ್ಮೂರಲ್ಲಿ ಬೊಂಬೆಗೆ ಹಾಕುವ ಬಣ್ಣದ ಅರಗು, ದಾರಿಯ ಬಿಸಿಲಿಗೂ ನನ್ನ ಹೆಬ್ಬೆರಳಿಗೂ ಮೆತ್ತಗಾಗಿ ಬಟ್ಟೆಗೆ ಅಂಟಿತ್ತು. ನಮ್ಮ ಬೀದಿಯಲ್ಲಿ ಮನೆಮನೆಗೂ ಬೊಂಬೆ ಕಡೆಯುವ ಪಟ್ಟಡಿ. ಅರಗಿನ ವಾಸನೆ ಅನ್ನದಲ್ಲೂ ಇರುತ್ತದೆ, ಹಾಸಿಗೆಯಲ್ಲೂ ಇರುತ್ತದೆ. ಆ ವಾಸನೆಯ ನಡುವೆ ಕೂತು ನಾಲ್ಕು ದಿನ ಮೂಸಿದರೂ ಈ ಪಟದ ವಾಸನೆ ನನಗೆ ಹತ್ತಿರಲಿಲ್ಲ. ಸೊಪ್ಪಿನ ವಾಸನೆಯ ಈ ಮನೆಯಲ್ಲಿ ಒಂದೇ ಉಸಿರಿಗೆ ಹತ್ತಿತು.

ಚಕ್ಕೆ ಎದ್ದ ಜಾಗದಲ್ಲಿ, ಹಳೆಯ ವಾರ್ನಿಷಿನ ಅಡಿಯಲ್ಲಿ, ಎರಡನೆಯ ಸುಳಿಯ ಅರ್ಧ ಕಾಣುತ್ತಿತ್ತು.

"ಇದನ್ನು ಯಾರು ಮುಚ್ಚಿದ್ದು?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ನಾನೇ ಮುಚ್ಚುಸ್ದೆ" ಎಂದರು. "ಮಗಳನ್ನ ನೋಡಾಕೆ ಬಂದೋರು ಪಟದಾಗೆ ಜೋಡಿ ಸುಳಿ ಕಂಡು, ಇಂಥಾ ಕೆಟ್ಟ ಸುಳಿ ಕುದ್ರೆ ಸಾಕಿದ ಮನೆ ನಮಗ್ಬ್ಯಾಡ ಅಂತ ನೀರೂ ಕುಡೀದೆ ಎದ್ದೋದ್ರು. ಎಲ್ಡು ಸಲ ಹಂಗಾಯ್ತು. ನಮ್ಮನೆಯೋರು ಆಗ್ಲೇ ತೀರೋಗಿದ್ರು. ನಮ್ಮಣ್ಣ ಬೊಂಬೆ ಮಾಡ್ತಿದ್ದ. ಅವನ ಕೈಲಿ ಅರಗು ಕಾಯಿಸಿ ಹಾಕ್ಸಿ, ತಾಳೆಗರೀಲಿ ತೀಡುಸ್ದೆ. ಮಗಳ ಮದ್ವೆ ಆಯ್ತು."

ದಫ್ತರಿನ ಸಾಲನ್ನು ಓದಿ ಹೇಳಿದೆ. ಆ ಎರಡು ಸುಳಿಗಳೇ ಸಾಕ್ಷಿ, ಒಂದು ಕಾಣದ್ದಕ್ಕೇ ನಕಲು ಎಂದು ಬರೆದೆ ಎಂದೆ. ಆಕೆ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹಂಗಾರೆ ಅವ್ರನ್ನ ಸುಳ್ಳುಗಾರ ಮಾಡಿದ್ದು ನಾನೇಯಾ?"

"ಇಲ್ಲವ್ವಾ, ನಾನು" ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ. ಅರಗಿನ ಊರಲ್ಲಿ ಹುಟ್ಟಿ ಅರಗನ್ನು ಗುರುತಿಸದವನ ಮೇಲೆ ನನಗೇ ಸಿಟ್ಟು ಬಂದಿತ್ತು.

ಆಕೆಯನ್ನು ಕೇಳಿ ಚಿತ್ರವನ್ನು ಮತ್ತೆ ಮನೆಗೆ ತಂದು, ಇದು ಅಸಲು ಎಂದು ಅಂದೇ ಅಧಿಕಾರಿಗಳಿಗೆ ಇನ್ನೊಂದು ಕಾಗದ ಬರೆದೆ. ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಟಪಾಲಿನವನು ಬೀದಿಯ ತುದಿಯಲ್ಲಿ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ಬಾಗಿಲು ದಾಟಿ ಹೋದರೆ ಇನ್ನೂ ಹೆಚ್ಚು. ಕೊನೆಗೆ ಉತ್ತರ ಬಂತು: "ಒಂದೇ ಕೈಯ ಎರಡು ಕಾಗದ. ಯಾವುದನ್ನು ನಂಬಲಿ? ಚಿತ್ರ ತನ್ನಿ."

ರೈಲಿನಲ್ಲಿ ಚಿತ್ರವನ್ನು ನನ್ನ ಮೈಯ ನೆರಳಲ್ಲೇ ಇಟ್ಟುಕೊಂಡು ಹೋದೆ. ಅಧಿಕಾರಿಗಳು ಚಾಕುವಿನ ತುದಿಯನ್ನು ಬೆಚ್ಚಗೆ ಮಾಡಿಸಿ ಉಳಿದ ಅರಗನ್ನು ತಾವೇ ಎಬ್ಬಿಸಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆ. "ನೋಡಿ ಮೇಷ್ಟ್ರೇ, ಎರಡೂ ಇವೆ" ಎಂದಾಗ ಬೆವರಿನಲ್ಲಿ ನನ್ನ ಕೋಟು ಬೆನ್ನಿಗೆ ಅಂಟಿತ್ತು. ಅವರು ಫಲಕಕ್ಕಾಗಿ ತುಂಬಬೇಕಾದ ಒಂದು ನಮೂನೆ ಕೊಟ್ಟರು. ಸವಾರನ ಹೆಸರು ಎಂಬಲ್ಲಿ ಖಾಲಿ.

ಆ ಕಾಗದ ಹಿಡಿದು ಮೂರನೆಯ ಸಲ ಅಕ್ಕೂರಿಗೆ ಹೋದೆ. ಸುದ್ದಿ ಕೇಳಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಸರು ಕೇಳಿದೆ. ಗಂಡನ ಹೆಸರು ಹೇಳಬಾರದು ಎಂದು ತಲೆಯಾಡಿಸಿದರು. ಬದಲಿಗೆ ಹೇಳಲು ಅಣ್ಣ ಬದುಕಿಲ್ಲ, ಮಗಳು ಕನಕಪುರದ ಆಚೆ. ಊರಿಗೆಲ್ಲ ಆತ ಬರೀ ರಾವುತ.

"ಪಕ್ಕದ ಮನೆಯ ಹಿರಿಯರನ್ನು ಕೇಳಲಾ ಅವ್ವಾ?"

"ಬ್ಯಾಡ. ಬುರುಡೆ ಅಂದೋರ ಬಾಯಿಂದ ಅವ್ರ ಹೆಸ್ರು ಬ್ಯಾಡ."

ಆಕೆ ಎದ್ದು ಬಾಗಿಲಿಗೆ ಬಂದು ನಿಂತರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಚಿತ್ರವಿಲ್ಲದ ಖಾಲಿ ಗೋಡೆಯ ಕಡೆ ನೋಡುತ್ತಾ ಮೆಲ್ಲಗೆ ಆ ಹೆಸರು ಹೇಳಿದರು. ನನಗೆ ಸ್ಪಷ್ಟವಾಗಿಯೇ ಕೇಳಿಸಿತು. ಆದರೆ ಇದರಲ್ಲೂ ಒಂದಕ್ಷರ ತಪ್ಪಿದರೆ ಎಂಬ ದಿಗಿಲಾಯಿತು.

"ಇನ್ನೊಂದು ಸಲ ಹೇಳ್ತೀರಾ ಅವ್ವಾ?"

ಈ ಸಲ ಆಕೆ ಬೀದಿಯ ಕಡೆಗೆ ತಿರುಗಿ, ಜಗಲಿಯ ಮೇಲೆ ಕೂತಿದ್ದವರಿಗೆಲ್ಲ ಕೇಳಿಸುವ ಹಾಗೆ, ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದರು.