ಗೆರೆ ತಪ್ಪಿದ ಸಹಿ

ಕಳೆದ ಭಾನುವಾರ ಕಾರಿನ ವಿಮೆಯ ಕಾಗದ ಹುಡುಕುತ್ತಿದ್ದಾಗ, ಡ್ಯಾಶ್‌ಬೋರ್ಡಿನ ಖಾನೆಯ ಹಿಂದಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಮಡಿಸಿದ ಹಾಳೆ ಕೈಗೆ ಬಂತು. ಬಿಡಿಸುವ ಮೊದಲೇ ವಾಸನೆ ಬಂತು. ಲಾವಂಚದ ಬೇರಿನದು, ತೀರ ಸಣ್ಣಗೆ. ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ನನ್ನದೇ ಅಕ್ಷರ. ಕೆಳಗೆ ಒಬ್ಬರದೇ ಎರಡು ಸಹಿ. ಮೊದಲನೆಯದು ಗೆರೆ ಬಿಟ್ಟು, ನನ್ನ ಸಾಲುಗಳ ಮೇಲೆ ಓರೆಯಾಗಿ ಹತ್ತಿಹೋಗಿದೆ. ಎರಡನೆಯದು ಗೆರೆಯ ಮೇಲೇ ಇದೆ. ಅದನ್ನು ಹಾಗೆ ಹಾಕಿಸಿದವಳು ನಾನು.

ಆಗ ನಾನು ಕೊಚ್ಚಿಗೆ ಬಂದು ಒಂದು ವರ್ಷವಾಗಿತ್ತು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಕೇಂದ್ರ ಸರ್ಕಾರದ ಒಂದು ಕಚೇರಿಗೆ ಸೇರಿದ್ದೆ. ಕಚೇರಿ ಪಾಲಾರಿವಟ್ಟಂನಲ್ಲಿ, ನನ್ನ ಬಾಡಿಗೆ ಕೋಣೆ ಆಲುವದಲ್ಲಿ, ಕೆಲಸ ಹೆಚ್ಚಾಗಿ ಇವೆರಡರ ನಡುವೆ, ಕಳಮಶ್ಶೇರಿಯ ಸಣ್ಣ ಕಾರ್ಖಾನೆಗಳಲ್ಲಿ. ಅವರು ಮಾಡುವ ಬಣ್ಣ, ಅಂಟು, ಸಾಬೂನುಗಳ ಮಾದರಿ ತೆಗೆದು, ಡಬ್ಬದ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಬೇಕಿತ್ತು. ಎಷ್ಟೋ ಸಲ ಆಗುತ್ತಿರಲಿಲ್ಲ. ಇಂಥ ಕೆಲಸದಲ್ಲಿ ಅನುಮಾನ ಅಭ್ಯಾಸವಾಗಿಬಿಡುತ್ತದೆ ಎಂದು ಈಗ ಹೇಳಿಕೊಳ್ಳುತ್ತೇನೆ. ನಿಜವಾಗಿ ಅದು ಮೊದಲಿನಿಂದಲೂ ನನ್ನಲ್ಲಿತ್ತು.

ಮಾದರಿಗಳ ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ನೇತಾಡುವುದು ಸಾಕಾಗಿ ಒಂದು ಕಾರು ಕೊಳ್ಳಬೇಕೆಂದುಕೊಂಡೆ. ಎಲ್ಲರ ಮನೆಯಲ್ಲೂ ಇದ್ದ ಚೌಕಾಕಾರದ ಸಾಧು ಕಾರು ಒಂದು. ಇನ್ನೊಂದು ಆಗಷ್ಟೇ ಬೀದಿಯಲ್ಲಿ ಕಾಣಿಸುತ್ತಿದ್ದ, ದುಂಡು ಮೂತಿಯ, ನೆಲಕ್ಕೆ ಅಂಟಿಕೊಂಡಂತೆ ಓಡುವ ಹ್ಯಾಚ್‌ಬ್ಯಾಕ್. ಕಾಲೇಜು ಹುಡುಗರು ಅದರ ಹಿಂದೆ ತಿರುಗಿ ನೋಡುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ ಗುಣದೋಷ ಬರೆದೆ. ಸಾಧು ಕಾರು ಎಲ್ಲ ಸಾಲಿನಲ್ಲೂ ಗೆದ್ದಿತು. ಆದರೂ ನನ್ನ ಕಣ್ಣು ಇನ್ನೊಂದರ ಮೇಲೇ ಇತ್ತು, ಮತ್ತು ಕಾರಣ ಕೊಡಲಾಗದ ಆ ಇಷ್ಟವನ್ನೇ ನಾನು ಮೊದಲು ಅನುಮಾನಿಸಿದೆ.

ಅಪ್ಪ ಫೋನಿನಲ್ಲಿ, "ಆಫೀಸಿಗೆ ಹೋಗಿ ಬರೋಕೆ ಅಷ್ಟು ಪಿಕಪ್ ಯಾಕಮ್ಮ? ಯಾರನ್ನ ಓವರ್‌ಟೇಕ್ ಮಾಡ್ಬೇಕು ನೀನು?" ಎಂದರು.

ಆಗ ಪಕ್ಕದ ಮೇಜಿನವಳು, ನಾನು ಚೇಚ್ಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದವಳು, ತನ್ನ ಹಳೆಯ ಟೀಚರ್ ವಿಷಯ ಹೇಳಿದಳು. ತಿರುವನಂತಪುರದ ಕಾಲೇಜಿನಲ್ಲಿ ಅವಳಿಗೆ ಗಣಿತ ಕಲಿಸಿದವರು, ಒಂಟಿಯಾಗಿರುವವರು. ನಿವೃತ್ತಿಗೆ ಎರಡು ವರ್ಷ ಇರುವಾಗ ಅದೇ ಕಾರನ್ನು ಹೊಸದಾಗಿ ಕೊಂಡು ಊರನ್ನೆಲ್ಲ ಹೆದರಿಸಿದವರು. ಈಗ ಮಾರುತ್ತಾರಂತೆ. "ನಿನ್ನ ಭಾಷೆಯವರೇ," ಎಂದು ಸೇರಿಸಿದಳು, ಅದೂ ಒಂದು ಗ್ಯಾರಂಟಿ ಎನ್ನುವ ಹಾಗೆ.

ಟೀಚರ್ ನನ್ನ ಕಚೇರಿಗೇ ಫೋನ್ ಮಾಡಿದರು. ಅವರ ತಂದೆ ಉಡುಪಿ ಕಡೆಯಿಂದ ಕೆಲಸಕ್ಕೆಂದು ಬಂದವರು. ಟೀಚರ್ ಹುಟ್ಟಿದ್ದು, ಓದಿದ್ದು, ಪಾಠ ಮಾಡಿದ್ದು ಎಲ್ಲ ತಿರುವನಂತಪುರದಲ್ಲೇ. ಕನ್ನಡ ತಾಯಿಯಿಂದ ಬಂದದ್ದು, ತಾಯಿ ಹೋದ ಮೇಲೆ ಆಡಲು ಜನವಿಲ್ಲದೆ ಅಲ್ಲೇ ನಿಂತದ್ದು.

"ಗಾಡಿ ನೋಡ್ಲಿಕ್ಕೆ ಯಾವಾಗ ಬರ್ತೀ ಮೋಳೆ?" ಎಂದರು. ಕಂಡಿರದವಳನ್ನು ಮೊದಲ ಮಾತಿಗೇ ಮಗಳೇ ಎಂದದ್ದು ನನಗೆ ಹಿಡಿಸಲಿಲ್ಲ. ಅಷ್ಟು ಚೆನ್ನಾಗಿರುವ ಕಾರನ್ನು ಎರಡೇ ವರ್ಷಕ್ಕೆ ಯಾಕೆ ಮಾರುತ್ತೀರಿ ಎಂದು ನೇರವಾಗಿ ಕೇಳಿದೆ.

"ನನಗೆ ಇನ್ನು ಅವಸರ ಇಲ್ಲ ಮೋಳೆ," ಎಂದರು.

ನಿವೃತ್ತಿಯಾಗಿದೆ, ಓಡಾಟ ಕಡಿಮೆ, ಆತುರವಿಲ್ಲ, ವೇಗದ ಕಾರು ಯಾತಕ್ಕೆ. ಹಾಗೆ ಅರ್ಥ ಮಾಡಿಕೊಂಡು, ಸರಿಯಾದ ಉತ್ತರ ಎಂದುಕೊಂಡೆ. ಆದರೆ ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ಆ ವಾರದಲ್ಲೇ ಇನ್ನೊಂದು. ತಿಂಗಳ ಕೊನೆಯೊಳಗೆ ಬಂದರೆ ಒಳ್ಳೆಯದು ಎಂದರು. ಅವಸರ ಇಲ್ಲ ಎಂದವರು ದಿನ ಬಿಟ್ಟು ದಿನ ಎಸ್‌ಟಿಡಿ ಮಾಡುವುದೇಕೆ? ಫೋನ್ ಬಂದ ದಿನಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟೆ. ಒಂದು ಮಾತು, ಅದಕ್ಕೆ ತಾಳೆಯಾಗದ ನಡತೆ. ಡಬ್ಬದ ಮೇಲೊಂದು, ಒಳಗೊಂದು.

ಒಂದು ಶನಿವಾರ ಬೆಳಗಿನ ರೈಲಿನಲ್ಲಿ ಹೋದೆ. ಪೂಜಪ್ಪುರದ ಒಂದು ಇಳಿಜಾರು ಓಣಿಯಲ್ಲಿ ಮನೆ. ಟೀಚರ್ ಗೇಟಿನ ಹತ್ತಿರವೇ ನಿಂತಿದ್ದರು. ಸಣಕಲು ದೇಹ, ಹತ್ತಿ ಸೀರೆ, ಕತ್ತರಿಸಿದ ಬಿಳಿ ಕೂದಲು. ನಾನು ಎದುರಿಗೇ ನಿಂತಿದ್ದರೂ ನಾನು ಮಾತಾಡುವವರೆಗೆ ನಗಲಿಲ್ಲ. ಬಿಗುಮಾನ ಎಂದು ಬರೆದುಕೊಂಡೆ, ಮನಸ್ಸಿನಲ್ಲಿ.

ಕಾರು ಶೆಡ್ಡಿನಲ್ಲಿತ್ತು. ಕಡುಗೆಂಪು. ಟೀಚರ್ ಅದರ ಮೈಮೇಲೆ ಕೈ ಆಡಿಸುತ್ತ ಸುತ್ತ ಬಂದು ಬಾಗಿಲು ತೆರೆದರು. ಒಳಗಿನಿಂದ ಲಾವಂಚದ ವಾಸನೆ. ಸೀಟಿನ ಕೆಳಗೆ ಬೇರಿನ ಒಂದು ಸಣ್ಣ ಕಟ್ಟು ಇಟ್ಟಿದ್ದರು. ವಾಸನೆ ಮುಚ್ಚಲು ವಾಸನೆ ಇಡುವವರನ್ನು ನಾನು ಕಾರ್ಖಾನೆಗಳಲ್ಲಿ ಕಂಡಿದ್ದೆ. ಬಗ್ಗಿ ನೋಡಿದೆ. ಎಡಗಡೆಯ ಮುಂದಿನ ಮಡ್‌ಗಾರ್ಡಿನ ಬಣ್ಣ ಉಳಿದದ್ದಕ್ಕಿಂತ ಒಂದು ಎಳೆ ಹೊಸದಾಗಿತ್ತು. ಬೆರಳಿಟ್ಟು ಕೇಳಿದೆ.

"ಅದಾ? ಗೇಟಿನ ಕಂಬ ಅಡ್ಡ ಬಂತು," ಎಂದು ನಕ್ಕರು.

"ಕಂಬ ಹೇಗೆ ಅಡ್ಡ ಬರುತ್ತೆ ಟೀಚರ್?"

"ಕೆಲವು ಕಂಬ ಬರ್ತದೆ. ನಿನಗೆ ಇನ್ನೂ ಸಣ್ಣ ಪ್ರಾಯ."

ಓಡಿಸಿ ತೋರಿಸಿ ಎಂದೆ. ಒಲ್ಲೆ ಎಂದರು. ತಮ್ಮದೇ ಕಾರನ್ನು ಓಡಿಸಲು ಒಲ್ಲದವರು... ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಪಕ್ಕದ ಸೀಟಿನಲ್ಲಿ ಕೂತು ಕಿಟಕಿಯ ಗಾಜು ಪೂರ್ತಿ ಇಳಿಸಿದರು. ದಾರಿಯುದ್ದಕ್ಕೂ ಅವರು ಹೇಳಿದ ಕಡೆ ತಿರುಗಿಸಿದೆ. ಕಾಫಿ ಪುಡಿ ಹುರಿಯುವ ವಾಸನೆ ಬಂದ ಮೇಲೆ ಎಡಕ್ಕೆ, ದೇವಸ್ಥಾನದ ಮೈಕು ಹಿಂದೆ ಬಿದ್ದ ಮೇಲೆ ಬಲಕ್ಕೆ. ಊರು ಬಲ್ಲವರು ಹೀಗೂ ದಾರಿ ಹೇಳುತ್ತಾರೆ ಎಂದುಕೊಂಡೆ.

ಕೋವಳಂ ಕಡೆಯ ನೇರ ರಸ್ತೆ ಸಿಕ್ಕಿದಾಗ, "ಚವಿಟ್ಟು ಮೋಳೆ," ಎಂದರು. ತುಳಿ ಎಂದು. ತುಳಿದೆ. ಕಾರು ಕಾದುಕೊಂಡೇ ಇದ್ದಂತೆ ಮುಂದಕ್ಕೆ ಹಾರಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ನನಗೆ ನಗು ಬಂದದ್ದು ನೆನಪಿದೆ, ಅದನ್ನು ತಡೆದದ್ದೂ ನೆನಪಿದೆ. ಕೊಳ್ಳುವವರು ನಗಬಾರದು.

"ಮೂರರಲ್ಲೇ ಇದ್ದೀ. ಕೇಳು, ಗಾಡಿ ನಾಲ್ಕು ಕೇಳ್ತಾ ಉಂಟು." ಅವರು ನೋಡುತ್ತಿದ್ದದ್ದು ರಸ್ತೆಯನ್ನಲ್ಲ, ಗೇರಿನ ಕೋಲನ್ನೂ ಅಲ್ಲ. ಗಾಳಿಗೆ ಮುಖ ಒಡ್ಡಿ ಕೂತಿದ್ದರು.

ತರಕಾರಿ ತರಲು, ಕಾಲೇಜಿಗೆ ಹೋಗಲು ಇಂಥ ಕಾರು ಯಾಕೆ ಕೊಂಡಿರಿ ಎಂದು ಕೇಳಿದೆ. ಅಪ್ಪ ನನಗೆ ಕೇಳಿದ್ದನ್ನು ನಾನು ಅವರ ಮುಂದಿಟ್ಟಿದ್ದೆ.

"ತರಕಾರಿಗೆ ಹೋಗುವಾಗ ಖುಷಿಯಲ್ಲಿ ಹೋಗ್ಬಾರ್ದಾ? ರೇಷ್ಮೆ ಸೀರೆ ಎಲ್ಲ ಪೆಟ್ಟಿಗೆಯಲ್ಲಿಟ್ಟೇ ನನ್ನ ಅಮ್ಮ ಹೋದಳು. ನಾನು ದಿನಾ ಉಟ್ಟೆ, ಅಷ್ಟೇ."

ಮಾರುವವರ ಮಾತು ಎಂದುಕೊಂಡೆ. ಒಳ್ಳೆಯ ಮಾತು, ಆದರೆ ಮಾರುವವರದು.

ಅವರ ಪರಿಚಯದ ಮೆಕ್ಯಾನಿಕ್ ಬೇಡವೆಂದು, ರಸ್ತೆ ಬದಿಯಲ್ಲಿ ಕಂಡ ಬೇರೆ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಅಲ್ಲಿನ ಮುದುಕ ಮೇಸ್ತ್ರಿಯನ್ನು ಎಲ್ಲರೂ ಆಶಾನ್, ಅಂದರೆ ಗುರು, ಎನ್ನುತ್ತಿದ್ದರು. ಬಾನೆಟ್ ಎತ್ತಿಸಿದೆ, ಕೆಳಗೆ ಮಲಗಿಸಿ ನೋಡಿಸಿದೆ, ಅಪಘಾತದ ಗುರುತೇನಾದರೂ ಇದೆಯೇ ಎಂದು ಮೂರು ಸಲ ಕೇಳಿದೆ. ಆಶಾನ್ ಕೈ ಒರೆಸಿಕೊಳ್ಳುತ್ತ, "ವಂಡಿಕ್ಕು ಕುಳಪ್ಪಮೊನ್ನುಮಿಲ್ಲ. ಮೇಡತ್ತಿನಾ ಕುಳಪ್ಪಂ," ಎಂದ. ಗಾಡಿಗೆ ತೊಂದರೆ ಇಲ್ಲ, ತೊಂದರೆ ಇರುವುದು ಮೇಡಮ್ಮಿಗೆ, ಅಂದರೆ ನನಗೆ. ಟೀಚರ್ ಕಾರಿನೊಳಗಿಂದಲೇ ಜೋರಾಗಿ ನಕ್ಕರು. ಇವರಿಬ್ಬರಿಗೂ ಮೊದಲೇ ಪರಿಚಯ ಇರಬಹುದೇ ಎಂದು ನಾನು ಯೋಚಿಸುತ್ತಿದ್ದೆ.

ಕೊನೆಗೂ ಮನೆಗೆ ಬಂದು, ಕೊಳ್ಳುತ್ತೇನೆ ಎಂದೆ. ಆದರೆ ಈ ಕಾರಿಗೆ ಯಾವ ಅಪಘಾತವೂ ಆಗಿಲ್ಲ, ಯಾವ ದೋಷವನ್ನೂ ಮುಚ್ಚಿಟ್ಟಿಲ್ಲ ಎಂದು ಬರೆದುಕೊಡಬೇಕು ಎಂದೆ. ಹಾಗೆ ಯಾರೂ ಕೇಳುವುದಿಲ್ಲವೆಂದು ನನಗೂ ಗೊತ್ತಿತ್ತು. ಟೀಚರ್ ಮುಖ ಒಂದು ಕ್ಷಣ ಚಿಕ್ಕದಾಯಿತು.

"ನೀನೇ ಬರಿ ಮೋಳೆ, ನಾನು ಒಪ್ಪು ಹಾಕ್ತೇನೆ."

ಒಪ್ಪು ಎಂದರೆ ಮಲಯಾಳದಲ್ಲಿ ಸಹಿ. ಕಚೇರಿಯಲ್ಲಿ ದಿನಾ ಕೇಳುವ ಮಾತಾದ್ದರಿಂದ ತಿಳಿಯಿತು. ಇವರ ಕನ್ನಡದ ಮಾತುಗಳೊಳಗೆ ಮಲಯಾಳದ ಅರ್ಥ ಕೂತಿರುತ್ತದೆ ಎಂದೂ ಆಗ ಹೊಳೆದಿತ್ತು. ಆ ಒಂದು ಮಾತಿನ ಮಟ್ಟಿಗೆ ಹೊಳೆದು, ಅಲ್ಲಿಗೇ ಬಿಟ್ಟುಬಿಟ್ಟೆ.

ಬರೆದು ಮುಂದಿಟ್ಟೆ. ಅವರು ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ಅದು ನನ್ನ ಸಾಲುಗಳ ಮೇಲೆ ಹತ್ತಿತು. ಬೇಕೆಂದೇ ಹಾಗೆ ಮಾಡಿದರೋ, ನಾಳೆ ಇದು ನನ್ನ ಸಹಿಯಲ್ಲ ಎನ್ನುತ್ತಾರೋ ಎಂದು ನನ್ನ ತಲೆ ಅಲ್ಲಿಯವರೆಗೂ ಹೋಯಿತು.

"ಟೀಚರ್, ಗೆರೆಯ ಮೇಲೆ ಹಾಕಿ. ಇನ್ನೊಂದು ಸಲ."

"ಗೆರೆ ಎಲ್ಲಿ?"

ಬೆರಳಿಟ್ಟು ತೋರಿಸಿದೆ. ಅವರು ಎಡಗೈಯಿಂದ ನನ್ನ ಬೆರಳನ್ನು ಹುಡುಕಿ ಹಿಡಿದುಕೊಂಡು, ಅದರ ಉಗುರಿಗೆ ಪೆನ್ನಿನ ತುದಿ ತಾಗಿಸಿ, ಅಲ್ಲಿಂದ ನಿಧಾನವಾಗಿ ಬರೆದರು. ಮೊದಲ ತರಗತಿಯ ಮಗುವಿನಂತೆ. ಇಷ್ಟಾದರೂ ನನಗೆ ತಿಳಿಯಲಿಲ್ಲ. ಅನುಮಾನಿಸುವವರ ಕಣ್ಣಿಗೆ ಎಲ್ಲ ಕಾಣುತ್ತದೆ ಎಂದು ಅಂದುಕೊಂಡಿದ್ದ ಕಾಲ ಅದು.

ಹೊರಡುವಾಗ ಎರಡೇ ಮಾತು ಕೇಳಿದರು. ಕಾರನ್ನು ಮುಚ್ಚಿಡಬಾರದು, ದಿನಾ ಓಡಿಸಬೇಕು. ಮತ್ತೆ ಯಾವಾಗಲಾದರೂ ಬಂದು, ಒಂದು ಸಲ ಆ ನೇರ ರಸ್ತೆಯಲ್ಲಿ ಕರೆದುಕೊಂಡು ಹೋಗಬೇಕು. ಆಗಲಿ ಎಂದೆ. ನಾನು ಸ್ಟಾರ್ಟ್ ಮಾಡಿ ಓಣಿ ದಾಟುವವರೆಗೂ ಅವರು ಗೇಟಿನಲ್ಲಿ ನಿಂತಿದ್ದರು. ಕನ್ನಡಿಯಲ್ಲಿ ನೋಡಿದೆ. ಕಾರು ಎಡಕ್ಕೆ ತಿರುಗಿದ ಮೇಲೂ ಅವರ ಮುಖ ನೇರಕ್ಕೇ ಇತ್ತು.

ದಿನಾ ಓಡಿಸಿದೆ. ಕಾರಿಗೆ ಯಾವ ದೋಷವೂ ಇರಲಿಲ್ಲ. ಎರಡನೆಯ ಮಾತನ್ನು ಮಾತ್ರ ಮುಂದೂಡಿದೆ. ನಾನು ಹೇಗೆ ಇಟ್ಟುಕೊಂಡಿದ್ದೇನೆಂದು ಪರೀಕ್ಷಿಸಲು ಕರೆಯುತ್ತಾರೆ ಎನಿಸುತ್ತಿತ್ತು. ಏಳೆಂಟು ತಿಂಗಳ ನಂತರ ಒಮ್ಮೆ ಫೋನ್ ಮಾಡಿ, "ಅವಸರ ಸಿಕ್ಕಿದ್ರೆ ಬಾ ಮೋಳೆ," ಎಂದರು. ಅವಸರ ಎಲ್ಲಾದರೂ ಸಿಗುತ್ತದೆಯೇ? ಹರುಕು ಕನ್ನಡ ಎಂದು ಒಳಗೇ ನಕ್ಕು, ಹೂಂ ಎಂದು ಫೋನ್ ಇಟ್ಟೆ.

ಅದಾಗಿ ಎಷ್ಟೋ ದಿನಕ್ಕೆ, ಕಚೇರಿಯಲ್ಲಿ ಯಾರೋ ಬಡ್ತಿ ತಪ್ಪಿದ್ದರ ಬಗ್ಗೆ ಚೇಚ್ಚಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು. "ಅವಸರಂ ಕಿಟ್ಟಿಯಿಲ್ಲ," ಎಂದದ್ದು ಕಿವಿಗೆ ಬಿತ್ತು. ಅವಸರ ಸಿಗಲಿಲ್ಲ. ನಾನು ತಲೆ ಎತ್ತಿ, ಹಾಗೆಂದರೇನು ಎಂದು ಕೇಳಿದೆ.

"ಚಾನ್ಸು. ಅವಕಾಶ ಅಂತೀರಲ್ಲ ನೀವು," ಎಂದಳು ಚೇಚ್ಚಿ. "ಇಷ್ಟು ದಿನ ಏನಂದುಕೊಂಡಿದ್ದೆ?"

ಟೀಚರ್ ಕಾರು ಯಾಕೆ ಮಾರಿದರು ಎಂದು ಕೇಳಿದೆ. ಚೇಚ್ಚಿ ನನ್ನನ್ನೇ ವಿಚಿತ್ರವಾಗಿ ನೋಡಿದಳು. ಕಣ್ಣಿನ ನರ ಸೊರಗುತ್ತಿತ್ತು. ಇನ್ನು ಓಡಿಸಕೂಡದು ಎಂದು ಡಾಕ್ಟರು ಹೇಳಿದ್ದರು. ಪೂರ್ತಿ ಕತ್ತಲಾಗುವ ಮುಂಚೆ, ಕಾರು ಯಾರ ಕೈಗೆ ಹೋಗುತ್ತದೆಂದು ಆ ಮುಖವನ್ನು ನೋಡಬೇಕೆಂದಿದ್ದರಂತೆ. "ನಿನಗೆ ಅವರೇ ಹೇಳಿರಬೇಕಲ್ಲ?"

ಹೇಳಿದ್ದರು. ಮೊದಲ ದಿನವೇ, ನಾನು ಕೇಳಿದ ಕೂಡಲೇ, ತಮಗೆ ಬಂದ ಕನ್ನಡದಲ್ಲಿ, ಇನ್ನು ಅವಸರ ಇಲ್ಲ ಎಂದು.

ತಕ್ಷಣ ಕಾರು ಹತ್ತಿ ಹೋಗಬಹುದಿತ್ತು. ಆದರೆ ನಾನು ಎದುರು ನಿಂತು ಮಾತಾಡಲು ಬಾರದವಳು. ಕೂತು ಎರಡು ಪುಟದ ಪತ್ರ ಬರೆದೆ, ಕನ್ನಡದಲ್ಲಿ, ಎರಡು ಸಲ ತಿದ್ದಿ, ಅಚ್ಚುಕಟ್ಟಾಗಿ. ಅಂಚೆಗೆ ಹಾಕಿ ಬಂದು ಎಷ್ಟೋ ಹೊತ್ತಿನ ಮೇಲೆ ತಿಳಿಯಿತು, ಅದನ್ನು ಅವರು ಓದಲಾರರು. ಓದಿ ಹೇಳಲು ಆ ಓಣಿಯಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ. ಮುಂದಿನ ವಾರ ಹೋಗುವುದೆಂದು ನಿಶ್ಚಯಿಸಿದೆ. ಆ ವಾರ ಯಾವುದೋ ತಪಾಸಣೆ, ಅದರ ಮುಂದಿನ ವಾರ ಇನ್ನೊಂದು... ಆಮೇಲೆ ಒಂದು ಬೆಳಿಗ್ಗೆ ಚೇಚ್ಚಿ ಬಂದು, ಚೀಲ ಮೇಜಿನ ಮೇಲಿಡುವ ಮೊದಲೇ, ಟೀಚರ್ ಹೋದರಂತೆ ಎಂದಳು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದ್ದರಂತೆ, ನಾಲ್ಕೇ ದಿನ.

ನನ್ನ ಪತ್ರ ಏನಾಯಿತೋ ತಿಳಿಯದು.

ಸಿಕ್ಕಿದ ಹಾಳೆಯನ್ನು ಮತ್ತೆ ಮಡಿಸಿ ಅದೇ ಖಾನೆಯಲ್ಲಿಟ್ಟಿದ್ದೇನೆ. ಯಾವ ದೋಷವನ್ನೂ ಮುಚ್ಚಿಟ್ಟಿಲ್ಲ ಎಂದು ಅವರು ಎರಡು ಸಲ ಸಹಿ ಮಾಡಿಕೊಟ್ಟ ಕಾಗದ ಅದು. ಲಾವಂಚದ ಕಟ್ಟು ಎಂದೋ ಪುಡಿಯಾಗಿಹೋಗಿದೆ.

ಸೋಮವಾರ ಬೆಳಿಗ್ಗೆ ಕಳಮಶ್ಶೇರಿ ದಾಟಿದ ಮೇಲೆ ರಸ್ತೆ ಖಾಲಿ ಇತ್ತು. ಪಕ್ಕದ ಸೀಟಿನ ಕಡೆಯ ಗಾಜನ್ನು ಪೂರ್ತಿ ಇಳಿಸಿ ತುಳಿದೆ. ಮೂರನೆಯ ಗೇರಿನಲ್ಲಿ ಇಂಜಿನ್ನಿನ ದನಿ ಏರುತ್ತ ಹೋಯಿತು. ನಾಲ್ಕು ಕೇಳುತ್ತಿತ್ತು. ಗೊತ್ತಿದ್ದೂ, ಯಾರಾದರೂ ಹೇಳಲಿ ಎಂದು ಸ್ವಲ್ಪ ದೂರ ಹಾಗೇ ಹೋದೆ.