ಕಂಬಳಿ ಬೀದಿಗೆ ಬಿದ್ದ ಗ್ಯಾಲರಿ ನೆರಳು

ನನಗೆ ಆ ಗ್ಯಾಲರಿ ಕಂಡ್ರೆ ಆಗಲ್ಲ. ಮೊದ್ಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ನನ್ನ ಹತ್ರ ಬಂದು ಸಮಾಧಾನದ ಮಾತು ಆಡೋದು ಬೇಡ. ಹಿರಿಯೂರಿಗೆ ಬಂದ ನೆಂಟರು "ಏನೇ, ನಿಮ್ಮ ಬೀದಿ ಗುರುತೇ ಸಿಗದಂಗೆ ಆಗೈತಲ್ಲ, ಲೈಟೇನು, ರಸ್ತೆಯೇನು" ಅಂತ ಬಾಯಿ ಬಿಟ್ಕೊಂಡು ನೋಡ್ತಾರೆ. ನೋಡ್ಲಿ. ಅವರು ಸಾಯಂಕಾಲ ಬಂದು ಮ್ಯಾಚ್ ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಬಸ್ಸು ಹತ್ತೋರು. ಒಂದು ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ರೆ ಗೊತ್ತಾಗ್ತಿತ್ತು.

ನಮ್ಮದು ಕಂಬಳಿ ನೇಯೋರ ಬೀದಿ. ನೆಂಟರಲ್ಲಿ ಅರ್ಧ ಜನ ಹರಿಯಬ್ಬೆ ಕಡೆ ಇವತ್ತಿಗೂ ಕುರಿ ಕಾಯ್ತಾರೆ. ಅವರು ಕತ್ತರಿಸಿದ ಉಣ್ಣೆ ನಮ್ಮ ಬೀದಿಗೆ ಬರೋದು, ನಾವು ನೂತು ನೇಯೋದು. ಮನೆ ಒಳಗೆ ನೆಲದಲ್ಲಿ ಒಂದು ಗುಂಡಿ, ಆ ಗುಂಡಿಗೆ ಕಾಲು ಇಳಿಬಿಟ್ಟು ಕುಂತು ನೇಯೋ ಮಗ್ಗ. ಅಪ್ಪ ಹೋದಮೇಲೆ ಗುಂಡಿಗೆ ಅವ್ವನೇ ಇಳಿದಳು. ಹೆಂಗಸರು ರಾಟೆ ತಿರುಗಿಸಬೇಕು, ಮಗ್ಗಕ್ಕೆ ಕೂರಬಾರದು ಅಂತ ಬೀದಿಯ ದೊಡ್ಡೋರು ಗೊಣಗಿದ್ರು. "ಗೊಣಗೋರು ಬಂದು ನೇಯ್ದು ಕೊಡ್ರಿ, ನಾನು ರಾಟೆ ತಿರುಗಿಸ್ತೀನಿ" ಅಂದ್ಲು ಅವ್ವ.

ನೇಯೋಕೆ ಮುಂಚೆ ಒಂದು ಕೆಲಸ ಐತೆ, ಅದು ಮನೆ ಒಳಗೆ ಆಗೋದಲ್ಲ. ನೂಲನ್ನ ಉದ್ದಕ್ಕೆ ಹಾಸಿ, ಎರಡೂ ತುದೀಲಿ ಗೂಟಕ್ಕೆ ಬಿಗಿದು, ಹುರಿದ ಹುಣಸೆ ಬೀಜ ಬೀಸಿ ಕುದಿಸಿದ ಗಂಜೀನ ಕುಂಚದಲ್ಲಿ ಹಚ್ಚಬೇಕು. ಇದಕ್ಕೆ ಹಾಸು ಅಂತೀವಿ. ಗಂಜಿ ಬೆಳಗಿನ ಎಳೆ ಬಿಸಿಲಲ್ಲೇ ಒಣಗಬೇಕು. ನೆತ್ತಿ ಮೇಲಿನ ಬಿಸಿಲಿಗೆ ಕೊಟ್ರೆ ನೂಲು ಬಿರುಸಾಗಿ ಪಟ್ ಅಂತ ಕಿತ್ಕೊಂತೈತೆ. ಒಣಗದೆ ಉಳಿದ್ರೆ ಹುಳಿ ಹಿಡಿದು ನಾರ್ತೈತೆ. ಒಂದ್ಸಲ ಗಂಜಿ ಹಚ್ಚಿದ ಮೇಲೆ ನಾಳೆ ನೋಡಾಣ ಅನ್ನಂಗಿಲ್ಲ. ಅದಕ್ಕೇ ನಮ್ಮ ಬೀದೀಲಿ ಒಂದು ಪದ್ಧತಿ. ಯಾರ ಮನೆ ಹಾಸು ಬಯಲಿಗೆ ಬಂದ್ರೂ, ಅವರ ಜೊತೆ ಮಾತು ಬಿಟ್ಟಿದ್ರೂ ಸರಿ, ಅಕ್ಕಪಕ್ಕದೋರು ಒಲೆ ಮೇಲಿನ ಮುದ್ದೆ ಹಂಗೇ ಬಿಟ್ಟು ಬಂದು ಕೈ ಹಾಕಬೇಕು. ಕರೆಯೋದೂ ಇಲ್ಲ, ಕಾಯೋದೂ ಇಲ್ಲ. ಅವ್ವ ಮತ್ತೆ ಪಕ್ಕದ ಮನೆ ದೊಡ್ಡವ್ವ ವರ್ಷಗಟ್ಟಲೆ ಮುಖ ನೋಡದೆ ಇದ್ದೋರು, ಆದ್ರೂ ಒಂದೇ ಹಾಸಿನ ಆ ತುದಿ ಈ ತುದಿ ಹಿಡಿದು ನಿಂತಿದ್ದು ನಾನೇ ಕಂಡಿದೀನಿ.

ಬೀದಿಯ ಮುಂದೆ, ಸೂರ್ಯ ಹುಟ್ಟೋ ಕಡೆ, ಫುಟ್‌ಬಾಲ್ ಬಯಲು. ಹಿರಿಯೂರಿಗೆ ಫುಟ್‌ಬಾಲ್ ಎಲ್ಲಿಂದ ಬಂತು ಅಂತ ನಗೋರು ಇದಾರೆ. ನಾನು ಹುಟ್ಟೋ ಮುಂಚಿಂದ ಅಲ್ಲಿ ಆಡ್ತಿದ್ರು. ಕ್ಲಬ್ಬು ಅಂದ್ರೆ ಎರಡು ಜೊತೆ ಗೋಲುಕಂಬ, ಒಂದು ತಗಡಿನ ಶೆಡ್ಡು, ಅಷ್ಟೇ. ಹೊಸದುರ್ಗ, ಹೊಳಲ್ಕೆರೆ, ದುರ್ಗದಿಂದ ತಂಡಗಳು ಬರೋವು. ಸಿರಿಗೆರೇಲಿ ಓದೋ ಹುಡುಗರು ಬಸ್ಸಿಳಿದು ನಮ್ಮ ಮನೇಲೇ ನೀರು ಕೇಳಿ ಕುಡಿಯೋರು. ಬಯಲಿನ ನಮ್ಮ ಕಡೆ ಅಂಚಿನ ಪಟ್ಟೀಲಿ ಬೆಳಿಗ್ಗೆ ನಮ್ಮ ಹಾಸು, ಸಾಯಂಕಾಲ ಬಯಲೆಲ್ಲ ಅವರ ಆಟ. ಯಾರೂ ಯಾರಿಗೂ ಅಡ್ಡ ಇರಲಿಲ್ಲ. ಬೆಳಿಗ್ಗೆ ಪ್ರಾಕ್ಟೀಸಿಗೆ ಬಂದೋರ ಚೆಂಡು ಹಾಸಿನ ಮೇಲೆ ಬಿದ್ರೆ ಮಾತ್ರ ಅವ್ವನ ಬಾಯಿ. ಅದನ್ನ ಕೇಳಿದೋನು ಮಾರನೇ ದಿನದಿಂದ ಇನ್ನೊಂದು ಕಡೆ ಗೋಲಿಗೇ ಒದೀತಿದ್ದ.

ಆಮೇಲೆ ನಮ್ಮ ಕ್ಲಬ್ಬು ಗೆಲ್ಲೋಕೆ ಶುರು ಮಾಡ್ತು. ಗೆಲ್ಲದಿದ್ರೆ ಚೆನ್ನಾಗಿತ್ತು. ದೊಡ್ಡ ಟೂರ್ನಮೆಂಟು ಇಲ್ಲಿ ನಡೀಬೇಕು, ಅದಕ್ಕೆ ಗ್ಯಾಲರಿ ಬೇಕು ಅಂತ ಆಯ್ತು. ಕ್ಲಬ್ಬಿನ ಸೆಕ್ರೆಟರಿ ನಮ್ಮ ಬೀದಿಯೋರನ್ನೆಲ್ಲ ಬೇವಿನ ಮರದ ಕೆಳಗೆ ಸೇರಿಸಿದ. ಪೇಟೇಲಿ ಸಿಮೆಂಟು ಅಂಗಡಿ ಇಟ್ಟೋನು, ಬಿಳಿ ಷರ್ಟು, ಮಾತು ಬೆಣ್ಣೆ. "ಕ್ಲಬ್ಬು ಬೆಳೆದ್ರೆ ಬೀದಿ ಬೆಳೀತೈತೆ. ರಸ್ತೆ ಬರ್ತೈತೆ, ಲೈಟು ಬರ್ತೈತೆ, ಗ್ಯಾಲರಿ ಕೆಳಗೆ ಮಳಿಗೆ ಬರ್ತವೆ, ನಿಮ್ಮ ಕಂಬಳಿ ನೋಡಕ್ಕೆ ಬೆಂಗಳೂರಿಂದ ಜನ ಬರ್ತಾರೆ. ನಿಮ್ಮ ಬೀದಿ ಉದ್ಧಾರ ಆಗ್ತೈತೆ ಕಣ್ರಿ" ಅಂದ. ಉದ್ಧಾರ ಅನ್ನೋ ಮಾತು ಇವತ್ತು ಯಾರ ಬಾಯಲ್ಲಿ ಬಂದ್ರೂ ನನಗೆ ಮೈ ಉರೀತೈತೆ.

ನಮ್ಮೋರು ಅಷ್ಟು ಸುಲಭಕ್ಕೆ ಬಗ್ಗೋರಲ್ಲ. ಬೀದಿಯ ಯಜಮಾನ್ರು ಎದ್ದು ಕೇಳಿದ್ದು ಒಂದೇ ಮಾತು: "ನಮ್ಮ ಹಾಸಿನ ಜಾಗ?" ಒಂದು ಅಡಿನೂ ಮುಟ್ಟಲ್ಲ ಅಂದ ಸೆಕ್ರೆಟರಿ. ಬರೀ ಮಾತು ಬೇಡ, ಅಳೆದು ಕೊಡ್ರಿ ಅಂದ್ರು. ಆಯ್ತು ಅಂದ. ಹಾಸಿನ ಹಗ್ಗ ತಂದ್ವಿ. ಈ ಗೂಟದಿಂದ ಆ ಗೂಟಕ್ಕೆ ಉದ್ದ ಹಿಡಿದ್ವಿ, ಎರಡು ಹಾಸು ಪಕ್ಕಪಕ್ಕ ಹಾಕಿದ್ರೆ ನಡುವೆ ಕುಂಚ ಹಿಡ್ಕೊಂಡು ಓಡಾಡೋಕೆ ಬೇಕಾದಷ್ಟು ಅಗಲ ಹಿಡಿದ್ವಿ. ಅವ್ವ ಬಗ್ಗಿ ಬಗ್ಗಿ ಹಗ್ಗ ಬಿಗಿ ಐತೋ ಇಲ್ವೋ ಅಂತ ಬೆರಳಲ್ಲಿ ಮೀಟಿ ನೋಡಿದ್ಲು. ಸೆಕ್ರೆಟರಿ ಆಟದ ಗೆರೆ ಹಾಕೋ ಗಾಡಿ ತರಿಸಿ, ನಾವು ತೋರಿಸಿದ ಕಡೆ ಸುತ್ತ ಸುಣ್ಣದ ಗೆರೆ ಎಳೆಸಿದ. ಗೆದ್ದೋರಂಗೆ ಮನೆಗೆ ಬಂದು ಉಂಡು ಮಲಗಿದ್ವಿ.

ಉದ್ದ ಅಗಲ ಬಿಟ್ರೆ ಬೇರೆ ಅಳತೆ ಗೊತ್ತಿಲ್ಲದ ಜನ ನಾವು. ಕಂಬಳಿಗೆ ಇರೋದೇ ಅವೆರಡು. ಗ್ಯಾಲರಿ ಎತ್ತರ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ.

ಕೂತು ನೋಡೋರ ಕಣ್ಣಿಗೆ ಸಂಜೆ ಬಿಸಿಲು ಹೊಡೀಬಾರದು, ಬೆನ್ನಿಗೆ ಬೀಳಬೇಕು. ಅದಕ್ಕೆ ಗ್ಯಾಲರಿ ಎದ್ದಿದ್ದು ನಮ್ಮ ಕಡೆಗೆ, ಸುಣ್ಣದ ಗೆರೆಯ ಆಚೆ. ಗೆರೆ ಒಂದು ಬೆರಳೂ ದಾಟಲಿಲ್ಲ, ಅದನ್ನ ಒಪ್ಪಬೇಕು. ನಮ್ಮ ಪಟ್ಟಿಗೆ ಕಲ್ಲು ಬೇರೆ ಹಾಸಿಕೊಟ್ರು. ಒಂದು ದಿನ ಬೆಳಿಗ್ಗೆ ದೊಡ್ಡವ್ವನ ಮನೆ ಹಾಸು ಹೊರಗೆ ಬಂತು. ಬೀದಿಯೆಲ್ಲ ಸೇರಿ ಗಂಜಿ ಹಚ್ಚಿ ಬಿಸಿಲಿಗೆ ಕಾದ್ವಿ. ಪೂರ್ವದ ಕಡೆ ಗ್ಯಾಲರಿ ಗೋಡೆ ನಿಂತಿತ್ತು. ನೆರಳು ಸರಿಯೋ ಹೊತ್ತಿಗೆ ಬಿಸಿಲು ನೆತ್ತಿಗೆ ಏರಿತ್ತು, ಒಂದು ಮಗ್ಗುಲು ಬಿರುಸು, ಒಂದು ಮಗ್ಗುಲು ಹಸಿ. ಮೂರನೇ ದಿನಕ್ಕೆ ಆ ನೂಲು ಹಳಸಿದ ಸಾರಿನಂಗೆ ನಾರ್ತು. ದೊಡ್ಡವ್ವ ಅದನ್ನ ತಿಪ್ಪೆಗೆ ಹಾಕೋವಾಗ ಯಾರೂ ಬಾಗಿಲಿಗೆ ಬರಲಿಲ್ಲ.

ಸೆಕ್ರೆಟರಿ ಹತ್ರ ಹೋದ್ವಿ. "ನಿಮ್ಮ ಜಾಗ ನಿಮಗೇ ಐತಲ್ರಿ, ಒಂದು ಅಡಿ ಕಮ್ಮಿ ಇದ್ರೆ ತೋರಿಸ್ರಿ" ಅಂದ. ಬಿಸಿಲು ಅಂದ್ವಿ. "ಬಿಸ್ಲು ಊರಿಗೆಲ್ಲ ಐತೆ, ಬೇರೆ ಕಡೆ ಹೋಗಿ ಹಾಸ್ರಿ" ಅಂತ ನಕ್ಕ. ಬಯಲಿಗೆ ಬೇಲಿ ಬಿದ್ದಿತ್ತು, ಬೇರೆ ಕಡೆ ಅಂದ್ರೆ ಊರಾಚೆ. ಅಷ್ಟು ದೂರ ಒಲೆ ಮೇಲಿನ ಮುದ್ದೆ ಬಿಟ್ಟು ಯಾರು ಬರ್ತಾರೆ? ಅದನ್ನ ಅವನಿಗೆ ಹೇಳಿ ಏನು ಪ್ರಯೋಜನ. ಬೀದೀಲಿ ಒಂದೊಂದೇ ಮಗ್ಗ ನಿಂತ್ವು. ದೊಡ್ಡವ್ವ ಬೈಪಾಸ್ ಹೋಟ್ಲಲ್ಲಿ ಪಾತ್ರೆ ತೊಳಿಯೋಕೆ ಸೇರಿದ್ಲು. ಅವ್ವ ಮಾತ್ರ ದಿನಾ ಬೆಳಿಗ್ಗೆ ಬಾಗಿಲು ತೆಗೆದು ಗೋಡೆಯ ಕಡೆ ನೋಡ್ತಾ ನಿಲ್ಲೋಳು, ಇವತ್ತೇನಾದ್ರೂ ಜರುಗೈತೇನೋ ಅನ್ನೋ ಥರ.

ಗ್ಯಾಲರಿ ಕೆಲಸಕ್ಕೆ ಬಂದಿದ್ದ ಉತ್ತರದ ಕಡೆ ಕೂಲಿಯೋರು ತಮ್ಮ ಒದ್ದೆ ಲುಂಗಿ ಬನೀನುಗಳನ್ನ ಆಚೆ ಕಡೆ ಮೆಟ್ಟಿಲುಗಳ ಮೇಲೆ ಒಣಗಾಕ್ತಿದ್ರು. ಒಂದಿನ ಅವ್ವ ಅದನ್ನ ನೋಡಿ ಬಂದ್ಲು. "ಲೇ, ಅಲ್ಲಿ ಸೂರ್ಯ ಎದುರಿಗೇ ಕುಂತವ್ನೆ ಕಣೆ" ಅಂದ್ಲು ನನಗೆ. ಹೌದಲ್ಲ. ಗ್ಯಾಲರಿ ಬೆನ್ನು ನಮಗೆ, ಮುಖ ಪೂರ್ವಕ್ಕೆ. ಒಂದೊಂದು ಮೆಟ್ಟಿಲೂ ಉದ್ದಕ್ಕೆ, ನೇರಕ್ಕೆ, ಹಾಸು ಹಾಕೋಕೆ ಅಂತಲೇ ಕಟ್ಟಿದಂಗೆ ಐತೆ. ಮಾರನೇ ಬೆಳಿಗ್ಗೆ ಅವ್ವ ಗಂಜಿ ಪಾತ್ರೆ ತಲೆ ಮೇಲೆ ಇಟ್ಕೊಂಡ್ಲು, ನಾನು ನೂಲು ಹೊತ್ಕೊಂಡೆ. ವಾಚ್‌ಮನ್ ಅಡ್ಡ ಬಂದ. "ಪಕ್ಕಕ್ಕೆ ಸರಿಯಪ್ಪ, ಪಾತ್ರೆ ಸುಡ್ತೈತೆ" ಅಂದ್ಲು ಅವ್ವ. ಸರಿದ. ಹಾಸು ಮೇಲೆ ಹೋಗಿದ್ದು ಬೀದಿಗೆ ಕಾಣ್ತು. ಮುದ್ದೆ ಬಿಟ್ಟು ಒಬ್ಬೊಬ್ಬರೇ ಹತ್ತಿ ಬಂದ್ರು. ದೊಡ್ಡವ್ವ ಹೋಟ್ಲಿಗೆ ಹೋಗೋಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಸೀದಾ ಮೆಟ್ಟಿಲು ಹತ್ತಿದ್ಲು.

ಆ ಬೇಸಿಗೆ ಪೂರ್ತಿ ನಾವು ಅವರ ಗ್ಯಾಲರೀಲೇ ಹಾಸು ಹಾಕಿದ್ವಿ. ಹುಣಸೆ ಗಂಜಿ ಕಲೆ ಸಿಮೆಂಟಿಗೆ ಹತ್ತಿ ಉಜ್ಜಿದ್ರೂ ಹೋಗಲಿಲ್ಲ, ನನಗೆ ಅದರಲ್ಲಿ ಒಂಥರಾ ಖುಷಿ. ಸೆಕ್ರೆಟರಿ ಎರಡು ಸಲ ಬಂದು ಕೂಗಾಡಿದ. ಅವ್ವ ಕುಂಚ ಆಡಿಸೋದು ನಿಲ್ಲಿಸದೇನೇ, "ನಿಮ್ಮ ನೆರಳು ನಮ್ಮ ಮೇಲಿಂದ ಎತ್ಕಳ್ರಿ, ನಾವು ಇಲ್ಲಿಂದ ಎದ್ದೋಗ್ತೀವಿ" ಅಂದ್ಲು. ಅವನು ಷರ್ಟು ಜಾಡಿಸ್ಕೊಂಡು ಹೋದ.

ಉದ್ಘಾಟನೆ ಹತ್ರ ಬಂದಾಗ ಅದೇ ಮನುಷ್ಯ ನಮ್ಮ ಮನೆಗೆ ಬಂದ, ಕೈಯಲ್ಲಿ ಬಾಳೆಹಣ್ಣು. ಬಂದೋರನ್ನ ಕಳಿಸೋ ಅಭ್ಯಾಸ ನಮಗಿಲ್ಲ. "ಕುಂತ್ಕಳ್ರಿ" ಅಂದ್ಲು ಅವ್ವ. ಅವನಿಗೆ ಬೇಕಾಗಿದ್ದು ಒಂದು ಕರಿ ಕಂಬಳಿ. ದೊಡ್ಡ ಅತಿಥಿ ಬರ್ತಾರೆ, ಈ ನೆಲದ ಕಂಬಳಿ ಹೊದಿಸಿ ಸನ್ಮಾನ ಮಾಡಬೇಕು ಅಂದ. ಅವ್ವ ಒಳಗಿಂದ ಆಗ ತಾನೇ ಮಗ್ಗದಿಂದ ಇಳಿಸಿದ್ದ ಕಂಬಳಿ ತಂದು ಮಡಿಲಲ್ಲಿ ಇಟ್ಕೊಂಡ್ಲು. ಗ್ಯಾಲರಿ ಬಿಸಿಲಲ್ಲಿ ಒಣಗಿದ್ದು, ಕೈಯಿಟ್ರೆ ಬೆಚ್ಚಗಿತ್ತು. "ತಗೊಂಡೋಗ್ರಿ. ಆದ್ರೆ ಒಂದು ಮಾತು. ಮೆಟ್ಟಿಲಿಗೆಲ್ಲ ಕುರ್ಚಿ ಬಡೀತಾರಂತೆ. ಒಂದು ಸಾಲು ಬಿಡ್ರಿ. ಒಂದೇ ಸಾಲು, ಬೆಳಿಗ್ಗೆ ಹೊತ್ತು ನಮಗೆ."

"ಅದು ಪ್ಲಾನಲ್ಲಿ ಇಲ್ಲಮ್ಮ" ಅಂದ. "ಸಾಲು ಯಾಕೆ, ಕೆಳಗೆ ನಿಮಗೇ ಅಂತ ಒಂದು ಮಳಿಗೆ ಇಟ್ಟಿದೀನಿ. ಫ್ಯಾನು, ಲೈಟು ಎಲ್ಲ ಐತೆ. ಆರಾಮಾಗಿ ಕುಂತು ಕಂಬಳಿ ಮಾರ್ರಿ."

"ಹಾಸೇ ಹಾಕದೆ ಯಾವ ಕಂಬಳಿ ಮಾರ್ಲಿ?"

"ಅಯ್ಯೋ, ಅದಕ್ಕೇನಂತೆ. ಮಿಲ್ಲಿಂದು ತರಿಸಿಕೊಡ್ತೀನಿ. ನೀವು ಕುಂತಿದ್ರೆ ಸಾಕು, ಜನ ನಿಮ್ಮದೇ ಅಂತ ತಗಂತಾರೆ."

ಆ ಮಾತು ಅವನು ಕೆಟ್ಟ ಮನಸ್ಸಿಂದ ಆಡಲಿಲ್ಲ. ನನಗೆ ಇನ್ನೂ ಸಿಟ್ಟು ಬರೋದು ಅದಕ್ಕೇ. ಅವ್ವ ಕಂಬಳಿ ಎತ್ಕೊಂಡು ಒಳಗೆ ಹೋದ್ಲು, ಹೊರಗೆ ಬರಲಿಲ್ಲ. ಬಾಳೆಹಣ್ಣು ನಾನೇ ಅವನ ಕೈಗೆ ವಾಪಸ್ ಕೊಟ್ಟೆ.

ಉದ್ಘಾಟನೆ ದಿನ ಅತಿಥಿಯ ಹೆಗಲಿಗೆ ಅಂಗಡಿ ಕಂಬಳಿ ಬಿತ್ತು. ಈ ಮೈದಾನ ಕಂಬಳಿ ಕಸುಬಿಗೆ ಜೀವ ಕೊಟ್ಟೈತೆ ಅಂತ ಮೈಕಿನಲ್ಲಿ ಯಾರೋ ಹೇಳಿದ್ರು, ಜನ ಚಪ್ಪಾಳೆ ಹೊಡೆದ್ರು. ಆ ವಾರವೇ ಮೆಟ್ಟಿಲಿಗೆಲ್ಲ ನೀಲಿ ಪ್ಲಾಸ್ಟಿಕ್ ಕುರ್ಚಿ ಬಡಿದ್ರು, ನಮ್ಮ ಗಂಜಿ ಕಲೆಯ ಮೇಲೇ ಬೋಲ್ಟು. ಗೇಟಿಗೆ ಬೀಗ ಬಿತ್ತು.

ಅವ್ವ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿಸಿದ್ಲು. ಗುಂಡಿ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಅವತ್ತು ಸೆಕ್ರೆಟರಿಗೆ ಕೊಡದೆ ಉಳಿಸ್ಕೊಂಡ ಕಂಬಳೀನ ಹಾಸಿ ಅಲ್ಲೇ ಕೂರ್ತಾಳೆ. ಮ್ಯಾಚಿನ ದಿನ ಗೋಲು ಬಿದ್ದಾಗ ಜನ ಕುಣಿಯೋದಕ್ಕೆ ಹಲಗೆ ಅದುರ್ತೈತೆ. ಬೆಂಗಳೂರಿಂದ ಬಂದೋರೊಬ್ಬರು ಕಂಬಳಿ ಕೊಡ್ತೀರಾ ಅಂತ ಕೇಳಿದ್ರು. "ಕಾಲಡಿ ಗುಂಡಿ ಐತಪ್ಪ, ಎತ್ತಂಗಿಲ್ಲ" ಅಂದ್ಲು.

ಹೋದ ತಿಂಗಳು ಬೀದಿ ಚೆಂದ ಕಾಣ್ಲಿ ಅಂತ ಗ್ಯಾಲರಿಯ ಬೆನ್ನಿಗೆ, ನಮ್ಮ ಬಾಗಿಲಿಗೆ ನೇರ ಎದುರಿಗೆ, ಚಿತ್ರ ಬರೆಸಿದ್ರು. ರಾಟೆ ತಿರುಗಿಸೋ ಒಬ್ಬಳು ಹೆಂಗಸು, ಕುರಿಗಳು, ಮೇಲೆ ಗೋಡೆಯಗಲ ಕೆಂಪಗೆ ಹುಟ್ಟೋ ಸೂರ್ಯ. ಬರೆಯೋ ಹುಡುಗ ಒಳ್ಳೆಯವನು, ಎಲ್ಲಿಂದಲೋ ಕೂಲಿಗೆ ಬಂದೋನು, ಅವನಿಗೆ ಇದ್ಯಾವುದೂ ಗೊತ್ತಿಲ್ಲ. ಬೆಳಿಗ್ಗೆ ಅವ್ವ ಎಂದಿನಂಗೆ ಬಾಗಿಲು ತೆಗೆದು ನಿಂತಾಗ ಏಣಿ ಮೇಲಿಂದಲೇ ತಿರುಗಿ, "ಹೆಂಗೈತಮ್ಮ?" ಅಂದ.

ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ್ಲು, ಬಿಸಿಲೇ ಇಲ್ಲದ ಕಡೆ.

"ಸೂರ್ಯನ್ನ ಸರಿಯಾದ ಜಾಗದಲ್ಲೇ ಬರ್ದಿದೀಯಪ್ಪ" ಅಂದ್ಲು. "ಅಲ್ಲೇ ಹುಟ್ತಿದ್ದ."